ಚೆಂಡು ಪುಟಿಯುವಾಗ ಕೇಳಿದ ಪ್ರಶ್ನೆಗಳು

ಹಲ್ಲಿನ ವೈದ್ಯರು ರೋಗಿಯ ಬಾಯೊಳಗೆ ಹತ್ತಿಯ ಉಂಡೆ, ಪುಟ್ಟ ಕನ್ನಡಿ, ಎಂಜಲು ಹೀರುವ ಕೊಳವೆ ಮತ್ತು ತಮ್ಮ ಅರ್ಧ ಅಂಗೈಯನ್ನು ಇಟ್ಟ ಮೇಲೆಯೇ "ಮತ್ತೇನ್ರಿ, ಮಗಳ ಲಗ್ನ ಎಲ್ಲಿಗೆ ಬಂತು?" ಎಂದು ಯೋಗಕ್ಷೇಮ ವಿಚಾರಿಸುವುದೇಕೆ ಎಂದು ನೀವು ಆ ಕುರ್ಚಿಯಲ್ಲಿ ಮಲಗಿ ಎಂದಾದರೂ ಯೋಚಿಸಿರಬಹುದು. ಬಾಯಿ ಬಿಟ್ಟು ಕೇಳಿರಲಾರಿರಿ. ಬಾಯಿ ಬಿಟ್ಟೇ ಇತ್ತು, ಕೇಳುವುದೊಂದು ಸಾಧ್ಯವಿರಲಿಲ್ಲ. ಪುಣೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಈ ಅಪರಾಧವನ್ನು ನಿರಾತಂಕವಾಗಿ ಎಸಗುತ್ತ ಬಂದ ಧಾರವಾಡದ ದಂತವೈದ್ಯ ನಾನು. ಸದ್ಯ ಅಲ್ಲಿಯ ವಾಕಡ ಬಡಾವಣೆಯಲ್ಲಿ ನನ್ನ ದವಾಖಾನೆ. ದೇಶದ ರಾಜಕಾರಣ, ಮೆಟ್ರೋ ಕಾಮಗಾರಿ, ಈ ಸಲದ ಮಾವಿನಹಣ್ಣಿನ ರುಚಿ, ಎಲ್ಲದರ ಬಗ್ಗೆಯೂ ರೋಗಿಗಳ ಅಭಿಪ್ರಾಯ ಕೇಳುತ್ತೇನೆ. ಅವರು "ಆಂ... ಗ್... ಆಂ" ಎನ್ನುತ್ತಾರೆ. ಅದನ್ನು ಸಮ್ಮತಿಯೆಂದು ಅರ್ಥೈಸಿಕೊಂಡು, ಜನಾಭಿಪ್ರಾಯ ನನ್ನ ಕಡೆಗಿದೆ ಎಂಬ ಹಿತವಾದ ಭ್ರಮೆಯಲ್ಲಿ ಇಷ್ಟು ವರ್ಷ ಬದುಕಿದ್ದೇನೆ.

ಇಂಥ ದುರಭ್ಯಾಸದಿಂದ ಯಾರಿಗಾದರೂ ಉಪಕಾರವಾದೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆದದ್ದು ಈ ವರ್ಷ, ಮಳೆಗಾಲ ಹಿಂದೆಗೆಯುತ್ತಿದ್ದಾಗ. ಉಪಕೃತಳು ನಮ್ಮಣ್ಣನ ಮಗಳು ಶಾಲ್ಮಲಾ. ಆರಡಿಗೆ ಎರಡೇ ಬೆರಳು ಕಡಿಮೆ ಇರುವ ಇಪ್ಪತ್ತೈದರ ಹುಡುಗಿ. ಬಾಸ್ಕೆಟ್‌ಬಾಲ್ ಆಡುವುದಕ್ಕೆಂದೇ ಇಲ್ಲಿಯ ಒಂದು ಇಲಾಖೆ ಅವಳಿಗೆ ನೌಕರಿ ಕೊಟ್ಟಿದೆ. ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾಳೆ; ಅವಳು ಬಂದಾಗಿನಿಂದ ಅಟ್ಟದ ಡಬ್ಬಿ ಇಳಿಸಲು ನಾವು ಸ್ಟೂಲು ಹುಡುಕಿದ್ದಿಲ್ಲ. ಆಟದಲ್ಲಿಯೂ ಅವಳ ಕೆಲಸ ಹೆಚ್ಚುಕಡಿಮೆ ಅದೇ: ಬುಟ್ಟಿಯ ಕೆಳಗೆ ನಿಲ್ಲುವುದು, ಕೈ ಎತ್ತುವುದು, ಬಂದ ಚೆಂಡನ್ನು ಮೇಲಿಡುವುದು. ಚೆಂಡನ್ನು ಪುಟಿಸುತ್ತ, ಅಡ್ಡ ಬಂದವರನ್ನು ತಪ್ಪಿಸುತ್ತ, ಅಂಗಳದ ಈ ತುದಿಯಿಂದ ಆ ತುದಿಗೆ ಒಯ್ಯುವ ಕೆಲಸ ಬೇರೆಯವರದು.

ಹೀಗಿರುವಾಗ ತಂಡಕ್ಕೆ ಇವಳಿಗಿಂತ ನಾಲ್ಕು ಬೆರಳು ಎತ್ತರದ ಹೊಸ ಹುಡುಗಿಯೊಬ್ಬಳು ಬಂದಳು. ಬುಟ್ಟಿಯ ಕೆಳಗಿನ ಜಾಗ ಅವಳ ಪಾಲಾಯಿತು. ಕೋಚ್ ಸಾಹೇಬರು ಶಾಲ್ಮಲೆಯನ್ನು ಕರೆದು, ಆರು ವಾರಗಳ ನಂತರ ಹನ್ನೆರಡು ಜನರ ಆಯ್ಕೆಯಿದೆ, ಚೆಂಡನ್ನು ಪುಟಿಸುತ್ತ ಮುಂದೆ ಒಯ್ಯುವುದು ಕಲಿತರೆ ತಂಡದಲ್ಲಿ ಇರು, ಇಲ್ಲವಾದರೆ ಕಚೇರಿಯಲ್ಲಿ ಫೈಲು ಹಿಡಿದು ಕೂಡು ಎಂದರಂತೆ. ಅಷ್ಟಕ್ಕೇ ನಿಲ್ಲಿಸದೆ, ಕೈ ಎನ್ನುವುದು ಹದಿನೈದರೊಳಗೆ ಪಳಗಬೇಕು, ಆಟಕ್ಕೆ ಸಂಬಳ ಬರಲು ಶುರುವಾದ ಮೇಲೆ ಯಾರಿಗೂ ಹೊಸ ಕೈ ಬರುವುದಿಲ್ಲ ಎಂಬ ಸಿದ್ಧಾಂತವನ್ನೂ ಸೇರಿಸಿ ಕಳಿಸಿದರು.

ಅಂದು ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಹೇಳಿದಳು. ನಾನು ಕಡಲೆಹಿಟ್ಟಿನ ಜುಣಕದಲ್ಲಿ ತಲ್ಲೀನನಾಗಿದ್ದೆ. ತಲೆಯೆತ್ತದೆ, ಲೋಕಾನುಭವಿಯ ಗಾಂಭೀರ್ಯದಿಂದ, "ಖರೆ ಅದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು?" ಎಂದುಬಿಟ್ಟೆ. ಗಾದೆಗಳ ದೋಷವೇ ಇದು. ನಾಲಗೆಯ ತುದಿಯಲ್ಲೇ ಕಾಲು ಚಾಚಿ ಕೂತಿರುತ್ತವೆ, ಕರೆಯುವ ಮೊದಲೇ ಎದ್ದು ಬರುತ್ತವೆ. ಶಾಲ್ಮಲಾ ತಟ್ಟೆಯಲ್ಲಿ ರೊಟ್ಟಿ ಹಾಗೆಯೇ ಬಿಟ್ಟು ಎದ್ದಳು. ಅವಳು ರೊಟ್ಟಿ ಬಿಟ್ಟು ಎದ್ದದ್ದನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

"ನಿಮ್ಮ ಕೈಯರ ಹದಿನೈದಕ್ಕ ಪಳಗಿತ್ತೇನ್ರಿ?" ಎಂದಳು ನನ್ನ ಹೆಂಡತಿ ವಿಜಯಾ. "ನಮ್ಮಪ್ಪನ ದವಡಿ ಹಲ್ಲು ಕಿತ್ತ ದಿನ ನೆನಸ್ಕೋರಿ."

ನೆನಸಿಕೊಳ್ಳದೆ ಉಪಾಯವಿರಲಿಲ್ಲ. ಪದವಿ ಪಡೆದು, ಬೋರ್ಡು ಹಾಕಿ, ಮದುವೆಯೂ ಆದ ಹೊಸತರಲ್ಲಿ ಮಾವನವರ ಒಂದು ಹಲ್ಲನ್ನು ಕೀಳಲು ಹೊರಟವನು, ಒಂದೂವರೆ ತಾಸು ಇಬ್ಬರೂ ಬೆವರಿದ ಮೇಲೆ, ಅದರ ಮುಕ್ಕಾಲು ಭಾಗವನ್ನು ಮಾತ್ರ ಹೊರತೆಗೆದಿದ್ದೆ. ಆ ಹಲ್ಲು ಅವರ ಮನೆತನದಲ್ಲಿ ಅಕ್ಷರಶಃ ದಂತಕಥೆಯಾಗಿ ಉಳಿದಿದೆ. ಇಂದು ಜನ ನನ್ನ ಕೈಗುಣ ಹೊಗಳುತ್ತಾರೆಂದರೆ ಅದು ಬೋರ್ಡು ಹಾಕಿದ ಮೇಲೆ, ಪಾಪದ ಎಷ್ಟೋ ದವಡೆಗಳ ಸಹನೆಯಿಂದ, ಕರಗತವಾದದ್ದು. ನನಗೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಬೆಳಗಿನ ಆರಕ್ಕೆ, ಪ್ರಾಯಶ್ಚಿತ್ತಾರ್ಥವಾಗಿ, ಬೂಟು ಹಾಕಿಕೊಂಡು ಶಾಲ್ಮಲೆಯ ಬಾಗಿಲ ಮುಂದೆ ನಿಂತೆ.

ನಮ್ಮ ಸೊಸೈಟಿಯ ಪಾರ್ಕಿಂಗಿನ ಬದಿಗೆ ಅರ್ಧ ಅಂಗಳ, ಒಂದು ಬುಟ್ಟಿ ಇದೆ. ಅಲ್ಲಿ ನನಗೆ ದೊರೆತ ಪಾತ್ರ ಪ್ರತಿಸ್ಪರ್ಧಿಯದು: ಅವಳು ಚೆಂಡು ಪುಟಿಸುತ್ತ ಬರಬೇಕು, ನಾನು ಕಸಿಯಬೇಕು. ಐವತ್ತೆರಡರ ದೇಹವೊಂದು ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ, ಏಡಿಯ ಹಾಗೆ ಅಡ್ಡಡ್ಡ ಓಡುವ ದೃಶ್ಯವನ್ನು ನೋಡಲು ವಾಚಮನ್ ತನ್ನ ಕುರ್ಚಿಯನ್ನೇ ಗೇಟಿನಿಂದ ಇತ್ತ ತಿರುಗಿಸಿಕೊಂಡ. ನನ್ನ ಹಸ್ತಕ್ಷೇಪದಿಂದ ಚೆಂಡಿಗೆ ಯಾವ ಅಪಾಯವೂ ಆಗಲಿಲ್ಲ. ಅಪಾಯವಾದದ್ದೆಲ್ಲ ನನ್ನ ಸೊಂಟಕ್ಕೆ. ಮೂರು ದಿನಗಳಲ್ಲಿ ನಾನು ಒಮ್ಮೆಯೂ ಚೆಂಡನ್ನು ಮುಟ್ಟಲಿಲ್ಲ, ಅವಳು ಒಮ್ಮೆಯೂ ಚೆಂಡಿನಿಂದ ಕಣ್ಣು ಕೀಳಲಿಲ್ಲ. ತೊಡಕು ಅಲ್ಲೇ ಇತ್ತು. ಚೆಂಡನ್ನೇ ನೋಡುವವರಿಗೆ ಜೊತೆಗಾರರು ಕಾಣುವುದಿಲ್ಲ. ನೋಡದಿದ್ದರೆ ಅವಳಿಗೆ ಚೆಂಡು ಕೈಕೊಡುತ್ತಿತ್ತು.

ನಾಲ್ಕನೆಯ ದಿನ ನನಗೆ ಓಡುವುದು ಸಾಧ್ಯವಾಗದೆ, ನಡುವೆ ಕಂಬದಂತೆ ನಿಂತು, ನನಗೆ ಗೊತ್ತಿರುವ ಏಕೈಕ ಕೆಲಸ ಆರಂಭಿಸಿದೆ: ಪ್ರಶ್ನೆ ಕೇಳುವುದು. ನಿನ್ನೆ ಕಚೇರಿಯಲ್ಲಿ ಏನು ಊಟ ಮಾಡಿದಿ, ನಿಮ್ಮಪ್ಪನ ಫೋನು ಬಂದಿತ್ತೇ, ಹದಿನೇಳರ ಮಗ್ಗಿ ಬರುತ್ತದೆಯೇ. ಹದಿನೇಳು ಆರಲೆ ಬರುವಷ್ಟರಲ್ಲಿ ಚೆಂಡು ಒಂದು ಸ್ಕೂಟರಿನ ಕೆಳಗೆ ಹೋಗಿತ್ತು. ಶಾಲ್ಮಲಾ ಅದನ್ನು ತೆಗೆದು, ಎದೆಗೊತ್ತಿ ಹಿಡಿದು, ನನ್ನನ್ನು ವಿಚಿತ್ರವಾಗಿ ದಿಟ್ಟಿಸಿದಳು.

"ಕಾಕಾ, ನೀವು ಓಡಬ್ಯಾಡ್ರಿ. ಬರೇ ಮಾತಾಡ್ರಿ."

ನನ್ನ ಜೀವಮಾನದಲ್ಲಿ ನನ್ನನ್ನು ಮಾತಾಡೆಂದು ಬೇಡಿಕೊಂಡವರು ಅವಳೊಬ್ಬಳೇ. ಆಮೇಲಿನ ದಿನಗಳ ನನ್ನ ಉಲ್ಲಾಸವನ್ನು ಹೇಗೆ ಹೇಳಲಿ! ಸರ್ವಿಸ್ ರಸ್ತೆಯುದ್ದಕ್ಕೂ ಅವಳು ಚೆಂಡು ಪುಟಿಸುತ್ತ ನಡೆಯುವಳು, ಪಕ್ಕದಲ್ಲಿ ನಾನು ಪ್ರಶ್ನೆಗಳನ್ನು ಪುಟಿಸುತ್ತ ನಡೆಯುವೆ. ಪಾದಚಾರಿ ಪಥದ ಎದ್ದುಬಿದ್ದ ಇಟ್ಟಿಗೆಗಳು, ಮಲಗಿದ ನಾಯಿಗಳು, ಮುಖಕ್ಕೆ ದುಪಟ್ಟಾ ಸುತ್ತಿ ಉಲ್ಟಾ ದಿಕ್ಕಿನಲ್ಲಿ ನುಗ್ಗುವ ಸ್ಕೂಟರಿನ ಮಹಿಳೆಯರು ಇವೆಲ್ಲ ಪುಕ್ಕಟೆ ಪ್ರತಿಸ್ಪರ್ಧಿಗಳು. ಉತ್ತರ ಹೇಳುತ್ತ ಹೇಳುತ್ತ, ಕೊಂಚ ಕೊಂಚವಾಗಿ ಅವಳ ಕಣ್ಣು ಚೆಂಡಿನಿಂದ ಮೇಲೆದ್ದಿತು. ಎಡಗೈಯಲ್ಲಿ ಚೆಂಡು ಕುಣಿಯುತ್ತಿದ್ದಂತೆಯೇ ಅಜ್ಜಿಯ ಮಂಡಿನೋವು, ಕಚೇರಿಯ ಕ್ಯಾಂಟೀನಿನ ರಾಜಕೀಯ, ಎರಡನೆಯ ತರಗತಿಯಲ್ಲಿ ಯಾರಿಗೂ ಹೇಳದೆ ಮುಚ್ಚಿಟ್ಟ ಒಂದು ಕಳ್ಳತನ, ಎಲ್ಲವೂ ಹೊರಬಂದವು. ಆಗ ನನಗೆ ಹೊಳೆದದ್ದು: ನಾನು ಇಪ್ಪತ್ತೇಳು ವರ್ಷ ಪ್ರಶ್ನೆಗಳನ್ನು ಮಾತ್ರ ಕೇಳಿದ್ದೆ, ಉತ್ತರಗಳನ್ನು ಈಗಷ್ಟೇ ಕೇಳುತ್ತಿದ್ದೆ.

ಅತ್ಯುತ್ಸಾಹ ಒಳ್ಳೆಯದಲ್ಲ. ಮೂರನೆಯ ವಾರದ ಒಂದು ಬೆಳಿಗ್ಗೆ, ಏನೂ ವಿಚಾರ ಮಾಡದೆ, "ಅಲ್ಲ ಶಾಲು, ಆರಿಸಲಿಲ್ಲಂದ್ರ ಏನ್ ಮಾಡ್ತೀ?" ಎಂದು ಕೇಳಿಬಿಟ್ಟೆ. ಚೆಂಡು ಅವಳ ಬೂಟಿನ ತುದಿಗೆ ತಾಗಿ, ರಸ್ತೆ ದಾಟಿ, ಮೋರಿಗೆ ಬಿತ್ತು. ಅವಳು ಅದರ ಹಿಂದೆ ಹೋಗಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿದಳು. ಹನ್ನೊಂದನೇ ವಯಸ್ಸಿನಿಂದ ಅವಳಿಗೆ ಈ ಆಟದ ಹೊರತು ಬೇರೊಂದು ಬೆಳಗು ಗೊತ್ತಿಲ್ಲ. ನಾನು ಮೋರಿಯಿಂದ ಚೆಂಡು ತೆಗೆದು ಪಕ್ಕದ ನೀರಿನ ಟಾಕಿಯ ನಳದಲ್ಲಿ ತೊಳೆಯುತ್ತ, ನನ್ನ ನಾಲಗೆಯನ್ನೂ ಹಾಗೆಯೇ ತೊಳೆದಿಡುವಂತಿದ್ದರೆ ಎಂದು ನೊಂದುಕೊಂಡೆ. ಬಹಳ ಹೊತ್ತಿನ ಮೇಲೆ ಅವಳು ಎದ್ದು ಬಂದು ಚೆಂಡು ಇಸಿದುಕೊಂಡಳು.

"ನಾಳೆನೂ ಅದನ್ನ ಕೇಳ್ರಿ."

ಮರುದಿನ ಕೇಳಿದೆ, ಚೆಂಡು ಜಾರಿತು. ಅದರ ಮರುದಿನವೂ ಜಾರಿತು. ಕೇಳುವುದು ನನಗೆ ಹಲ್ಲು ಕೀಳುವುದಕ್ಕಿಂತ ಕಷ್ಟವಾಗತೊಡಗಿತು, ಆದರೆ ಅವಳು ಬಿಡಲೊಲ್ಲಳು. ಒಂಬತ್ತನೆಯ ಬೆಳಿಗ್ಗೆ ಅವಳು ಚೆಂಡನ್ನು ಕಾಲುಗಳ ನಡುವಿನಿಂದ ಎಡಗೈಗೆ ದಾಟಿಸುತ್ತ, ಎದುರಿನಿಂದ ಬಂದ ಹಾಲಿನ ಗಾಡಿಗೆ ದಾರಿ ಬಿಡುತ್ತ, "ಒಂದಿನ ಅಳತೇನಿ. ಮರುದಿನ ಮತ್ತ ಇಲ್ಲೇ ಬರ್ತೇನಿ," ಎಂದಳು. ಚೆಂಡು ಒಂದು ಪೆಟ್ಟನ್ನೂ ತಪ್ಪಲಿಲ್ಲ. ನನಗೆ ಕಣ್ಣು ತುಂಬಿ ಬಂದು, ತಪ್ಪಿದ್ದು ನನ್ನ ಹೆಜ್ಜೆ.

ಈ ಉತ್ತರ ಕೇಳುವ ಚಟ ದವಾಖಾನೆಗೂ ಅಂಟಿತು. ಪ್ರಶ್ನೆ ಕೇಳಿದ ಮೇಲೆ ಕೈ, ಕನ್ನಡಿ, ಕೊಳವೆಗಳನ್ನೆಲ್ಲ ಹೊರತೆಗೆದು ಕಾಯತೊಡಗಿದೆ. ಹದಿನೈದು ವರ್ಷದಿಂದ ಬರುತ್ತಿರುವ ವಯಸ್ಸಾದ ಮರಾಠಿ ಹೆಂಗಸೊಬ್ಬರು ಮೊದಲು ಗಾಬರಿಯಾದರು; ತಮಗೆ ಬೇರೇನೋ ದೊಡ್ಡ ರೋಗವಿದೆಯೆಂದು ಶಂಕಿಸಿರಬೇಕು. ಅನಂತರ, ಡಾಕ್ಟರ್ ಸಾಹೇಬ, ನೀವು ಕೊರೆಯಲು ಹೊರಟ ಹಲ್ಲು ನೋಯುತ್ತಲೇ ಇಲ್ಲ, ಅದರ ಹಿಂದಿನದು ನೋಯುತ್ತದೆ ಎಂದು ಸೌಜನ್ಯದಿಂದ ತಿಳಿಸಿದರು. ಎಕ್ಸ್‌ರೇಯಲ್ಲಿ ಎರಡರ ಮೇಲೂ ಗುಮಾನಿಯಿತ್ತು, ತಪ್ಪಿತಸ್ಥನನ್ನು ಹಿಡಿದುಕೊಟ್ಟವರು ಅವರು. ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಇಷ್ಟು ವರ್ಷದಲ್ಲಿ ನೀವು ನನಗೆ ಬಾಯಿ ಬಿಡು ಅಂದಿದ್ದೀರಿ, ಮಾತಾಡು ಅಂದಿರಲಿಲ್ಲವಲ್ಲ ಎಂದರು. ಐವತ್ತೆರಡಕ್ಕೆ ನನಗೊಂದು ಹೊಸ ಕಿವಿ ಬಂದಿತ್ತು; ಕೋಚ್ ಸಾಹೇಬರ ಸಿದ್ಧಾಂತಕ್ಕೆ ಅಂದೇ ನನ್ನ ಪಾಲಿನ ಖಂಡನೆ ಸಿದ್ಧವಾಯಿತು.

ಆಯ್ಕೆಯ ದಿನ ದವಾಖಾನೆ ಮುಚ್ಚಿ, ವಿಜಯಾ ಮತ್ತು ನಾನು ಒಳಾಂಗಣ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತೆವು. ಶಾಲ್ಮಲೆಗೆ ಎದುರಾಗಿ ನಿಂತವಳು ಅವರದೇ ತಂಡದ ಒಬ್ಬ ಗಿಡ್ಡ, ಚೂಟಿ ಹುಡುಗಿ, ಚೆಂಡು ಕಸಿಯುವುದರಲ್ಲಿ ಎತ್ತಿದ ಕೈ. ಮೊದಲ ಸಲವೇ ಚೆಂಡು ಕಸಿದುಕೊಂಡು ಹೋದಳು. ಕೋಚ್ ಸಾಹೇಬರು ತಮ್ಮ ಪುಸ್ತಕದಲ್ಲಿ ಏನೋ ಬರೆದರು. ವಿಜಯಾ ನನ್ನ ಮುಂಗೈಯನ್ನು ಹಿಂಡಿದ ಗುರುತು ಎರಡು ದಿನ ಇತ್ತು. ಆದರೆ ಶಾಲ್ಮಲಾ ಹಿಂದಕ್ಕೆ ಸರಿಯಲಿಲ್ಲ. ಕೈ ಮುಂದೆ ಮಾಡಿ ಮತ್ತೆ ಚೆಂಡು ಕೇಳಿದಳು.

ಎರಡನೆಯ ಸಲ ನಡು ಅಂಗಳದಲ್ಲಿ ಅವಳ ತುಟಿ ಅಲುಗಾಡಿದ್ದು ಕಂಡಿತು. ಚೂಟಿ ಹುಡುಗಿಯ ತುಟಿಯೂ ಅಲುಗಾಡಿತು. ಅಷ್ಟರಲ್ಲಿ ಶಾಲ್ಮಲಾ ಅವಳನ್ನು ದಾಟಿ ಹೋಗಿ ಚೆಂಡನ್ನು ಬುಟ್ಟಿಗೆ ಹಾಕಿಯೂ ಆಗಿತ್ತು. ಕೋಚ್ ಸಾಹೇಬರು ಸೀಟಿ ಊದಿ, "ಪುನ್ಹಾ!" ಎಂದರು. ಮತ್ತೊಮ್ಮೆ ಎಂದರೆ ಮತ್ತೊಮ್ಮೆ. ಈ ಬಾರಿ ಆ ಹುಡುಗಿ ತುಟಿ ಬಿಗಿದುಕೊಂಡು, ಮಾತಿಗೆ ಬಗ್ಗುವುದಿಲ್ಲವೆಂದು ತಲೆಯಾಡಿಸುತ್ತ ನಿಂತಳು. ಶಾಲ್ಮಲಾ ಮಾತಾಡಲಿಲ್ಲ. ತಲೆಯೆತ್ತಿ, ಬುಟ್ಟಿಯನ್ನು ನೋಡುತ್ತ, ಬರೀ ಕೈಯಿಂದ, ಅದೂ ಎಡಗೈಯಿಂದ, ಅವಳನ್ನು ದಾಟಿದಳು. ಮತ್ತೆ ಸೀಟಿ, ಮತ್ತೆ ದಾಟಿದಳು. ಐದನೆಯ ಸಲ ಚೆಂಡು ಹೋಯಿತು, ಆರನೆಯ ಸಲ ಹೋಗಲಿಲ್ಲ.

ಕೊನೆಯಲ್ಲಿ ಹನ್ನೆರಡು ಹೆಸರು ಓದಿದರು. ಚೆಂಡು ಮುಂದೆ ಒಯ್ಯುವವರು ಎಂದು ಎರಡು ಹೆಸರು ಬಂದವು, ಎರಡನೆಯದು ನಮ್ಮ ಹುಡುಗಿಯದು. ನಾನು ಕೂಗಿದ್ದು ಯಾವ ಭಾಷೆಯಲ್ಲೆಂದು ಇನ್ನೂ ಇತ್ಯರ್ಥವಾಗಿಲ್ಲ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಗೃಹಸ್ಥರನ್ನು ಅಪ್ಪಿಕೊಂಡೆ, ಅವರೂ ಸಜ್ಜನರು, ತಿರುಗಿ ಅಪ್ಪಿಕೊಂಡರು. ವಿಜಯಾ ನಗುತ್ತ ಅಳುತ್ತಿದ್ದಳು. ಬೆವರಿನಲ್ಲಿ ತೊಯ್ದು ಶಾಲ್ಮಲಾ ಓಡಿ ಬಂದಾಗ, ನಡು ಅಂಗಳದಲ್ಲಿ ಆ ಹುಡುಗಿಗೆ ಏನು ಕೇಳಿದಿ ಎಂದು ನಾನು ವಿಚಾರಿಸಿದೆ.

"ಮುಂಜಾನೆ ನಾಷ್ಟಾಕ್ಕ ಏನು ತಿಂದಿ ಅಂತ ಕೇಳಿದೆ, ಕಾಕಾ. ಪೋಹೆ ಅಂದ್ಲು. ಮುಂದಿಂದು ಕೇಳಲಿಕ್ಕೆ ನಾ ಅಲ್ಲಿ ಇರಲೇ ಇಲ್ಲ."

ಅಷ್ಟರಲ್ಲಿ ಆ ಚೂಟಿ ಹುಡುಗಿಯೇ ಬಂದಳು. ಅವಳ ಹೆಸರೂ ಹನ್ನೆರಡರಲ್ಲಿತ್ತು. ಶಾಲ್ಮಲೆಯ ಬೆನ್ನಿಗೊಂದು ಗುದ್ದಿ, ಒಬ್ಬರ ನಾಷ್ಟಾ ವಿಚಾರಿಸಿ ಉತ್ತರ ಪೂರ್ತಿ ಕೇಳಿಸಿಕೊಳ್ಳದೆ ಓಡಿಹೋಗುವುದು ಯಾವ ನ್ಯಾಯವೆಂದು ಮರಾಠಿಯಲ್ಲಿ ಜಗಳ ತೆಗೆದಳು. ಶಾಲ್ಮಲಾ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಉತ್ತರ ಕೇಳಿಸಿಕೊಳ್ಳಲು ನಿಂತಳು. ನಾನೂ ಬಾಯಿ ಮುಚ್ಚಿಕೊಂಡು ನಿಂತೆ.

"ಪೋಹೆ," ಎಂದು ಆ ಹುಡುಗಿ ಮೊದಲಿನಿಂದ ಶುರು ಮಾಡಿ, ಉಳಿದದ್ದನ್ನೂ ಕೂಡಿಸಿದಳು, "ಆಣಿ ಚಹಾ."