ಮೂಗುದಾರದ ಕುದುರೆ

ಬೈಲಹೊಂಗಲದಲ್ಲಿ ನಾನು ಬ್ಲೌಸ್ ಹೊಲಿಯುವ ಕೋಣೆಯ ಗೋಡೆಗೆ ಒಂದು ಹಳೆಯ ಕಂಬಳಿ ತೂಗುಹಾಕಿದ್ದೇನೆ. ಅದರ ತುಂಬ ಗಂಡಸರ ಬೆಲ್ಟಿನ ಬಕಲ್‌ಗಳು. ಒಂದೊಂದನ್ನೂ ದಪ್ಪ ದಾರದಿಂದ ನಾನೇ ಹೊಲಿದು ಕೂರಿಸಿದ್ದೇನೆ. ಎಲ್ಲವೂ ಇಂಗ್ಲಿಷ್ ಕೌಬಾಯ್ ಸಿನಿಮಾ ನೋಡಿ ಮಾಡಿದವು. ಒಂದರ ಮೇಲೆ ಪಿಸ್ತೂಲು, ಒಂದರ ಮೇಲೆ ಕುದುರೆಯ ಲಾಳ, ಇನ್ನೊಂದರ ಮೇಲೆ ಅಗಲ ಟೊಪ್ಪಿಗೆಯ ಮನುಷ್ಯ. ಅಳತೆ ಕೊಡಲು ಬಂದ ಹೆಣ್ಣುಮಕ್ಕಳು ಅದನ್ನು ನೋಡಿ ನಗದೆ ಹೋಗುವುದಿಲ್ಲ.

"ಅಕ್ಕಾರ, ಮದಿವಿ ಆಗಿಲ್ಲ ಅಂತೀರಿ. ಇಷ್ಟ ಗಂಡಸರ ಪಟ್ಟಾ ಎಲ್ಲಿಂದ ಬಿಚ್ಚಕೊಂಡ ಬಂದ್ರಿ?"

"ಕೈ ಎತ್ತವ್ವಾ, ಅಳತಿ ತಗೋತೇನಿ," ಎನ್ನುತ್ತೇನೆ.

ಕಂಬಳಿಗೆ ಹೊಲಿಯದೆ ಉಳಿದಿದ್ದ ಬಕಲ್ ಒಂದೇ. ಅದನ್ನು ಗೋಡೆಯ ಮಾಡದಲ್ಲಿ, ಗುಂಡಿ ಹಾಕಿಡುವ ಡಬ್ಬಿಯಲ್ಲಿ, ಬೇರೆಯಾಗಿ ಇಟ್ಟಿದ್ದೆ. ಹಿತ್ತಾಳೆಯದು, ಅಂಗೈಯಷ್ಟು ಅಗಲ. ಅದರ ಮೇಲೆ ಓಡುವ ಕುದುರೆ, ಕುದುರೆಯ ಮೇಲೆ ಟೊಪ್ಪಿಗೆ ಹಾಕಿದ ಸವಾರ. ಕುದುರೆಗೆ ಕಡಿವಾಣ ಇಲ್ಲ. ಎತ್ತಿಗೆ ಇರುವ ಹಾಗೆ ಮೂಗುದಾರ ಇದೆ. ಸವಾರ ಆ ಹಗ್ಗವನ್ನು ಹಿಡಿದುಕೊಂಡು ಹೊಲಕ್ಕೆ ಗಳೆ ಹೊಡೆಯಲು ಹೊರಟವನ ಹಾಗೆ ಕೂತಿದ್ದಾನೆ. ಅದು ನನ್ನ ಅಣ್ಣನದೋ ಅಲ್ಲವೋ ಎಂಬುದನ್ನು ತಿಳಿಯಲಿಕ್ಕೇ ನಾನು ಉಳಿದವನ್ನೆಲ್ಲ ಕೂಡಿಸಿದ್ದು.

ನಮ್ಮ ಊರು ಸುರೇಬಾನ. ಅಣ್ಣ ಲಾರಿಯ ಮೇಲೆ ಕ್ಲೀನರ್ ಆಗಿದ್ದ. ರವಿವಾರ ರಾಮದುರ್ಗದ ಟಾಕೀಜಿನಲ್ಲಿ ಮುಂಜಾನೆಯ ಆಟಕ್ಕೆ ಇಂಗ್ಲಿಷ್ ಪಿಕ್ಚರ್ ಹಾಕುತ್ತಿದ್ದರು, ಅದನ್ನು ತಪ್ಪಿಸುತ್ತಿರಲಿಲ್ಲ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ಪಡಸಾಲೆಯಲ್ಲಿ ಕಾಲು ಅಗಲಿಸಿ ನಡೆದು ತೋರಿಸುತ್ತಿದ್ದ. ಅವನು ಎಡಚ. ಎಡಗೈಯಿಂದ ಉಣ್ಣಲು ಹೋಗಿ ಅವ್ವನ ಕೈಯಲ್ಲಿ ಏಟು ತಿನ್ನುವುದು ದಿನದ ಮಾತಾಗಿತ್ತು. ಪಿಸ್ತೂಲಿನ ಹಾಗೆ ಬೆರಳು ಚಾಚುವುದೂ ಎಡಗೈಯಿಂದಲೇ. ಒಂದು ದಿನ ಆ ಬಕಲ್ ಹಾಕಿಕೊಂಡು ಬಂದ. ನಾನು ಮೂಗುದಾರ ನೋಡಿ ನಕ್ಕೆ. "ನಗಬ್ಯಾಡ, ಇದು ನಮ್ಮ ಕಡಿ ಕುದರಿ," ಅಂದ. ಎಲ್ಲಿಂದ ತಂದದ್ದು ಎಂದು ಹೇಳಲಿಲ್ಲ.

ಅದೇ ವರ್ಷ ಸವದತ್ತಿಗೆ ಹೋಗಿಬರುತ್ತೇನೆ ಎಂದು ಹೋದವನು ಬರಲಿಲ್ಲ. ಮಳೆಗಾಲ ಮುಗಿದ ಮೇಲೆ ನವಿಲುತೀರ್ಥದ ಕಾಲುವೆಯಲ್ಲಿ ಒಂದು ಹೆಣ ಸಿಕ್ಕಿತು. ಅಪ್ಪನನ್ನು ಕರೆಸಿದರು. ಮುಖ ಗುರುತು ಹತ್ತುವಂತಿರಲಿಲ್ಲವಂತೆ. ಅಪ್ಪ ಒಬ್ಬನೇ ಹೋದ, ನಮ್ಮ ಹುಡುಗನೇ ಎಂದು ಹೇಳಿದ, ಅಲ್ಲೇ ಕಾಲುವೆಯ ಆಚೆ ಒಂದು ಜಾಲಿಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದ. ಸೊಂಟದಲ್ಲಿದ್ದ ಬಕಲ್ಲನ್ನು ಧೋತರದ ಚುಂಗಿನಲ್ಲಿ ಗಂಟು ಕಟ್ಟಿ ತಂದು ಅವ್ವನ ಮುಂದೆ ಇಟ್ಟ.

ಅವ್ವ ಅದನ್ನು ಮುಟ್ಟಲಿಲ್ಲ. "ಮಾಡಿದಾಂವ ಒಂದ ಮಾಡಿ ಕೈ ಬಿಟ್ಟಾನೇನು? ಇಂಥಾವು ನೂರ ಇರತಾವ. ಯಾರದೋ ಮಗನ್ನ ಹುಗದ ಬಂದೀರಿ ನೀವು," ಅಂದಳು.

ಅಪ್ಪ ಸಾಯುವ ತನಕ ಆ ಮನೆಯಲ್ಲಿ ಅವರಿಬ್ಬರೂ ಬೇರೆಬೇರೆಯಾಗಿಯೇ ಉಳಿದರು. ಅಪ್ಪ ವರ್ಷಕ್ಕೊಮ್ಮೆ ಯಾರಿಗೂ ಹೇಳದೆ ನವಿಲುತೀರ್ಥಕ್ಕೆ ಹೋಗಿಬರುತ್ತಿದ್ದ. ಆ ದಿನ ಅವ್ವ ಬೇಕೆಂದೇ ಹಬ್ಬದ ಅಡಿಗೆ ಮಾಡಿ ಅಣ್ಣನ ಗಂಗಾಳಕ್ಕೆ ಮೊದಲು ಬಡಿಸಿ ಮುಚ್ಚಿಡುತ್ತಿದ್ದಳು. ನಾನು ಅವ್ವನ ಕಡೆಗಿದ್ದೆ. ಅಪ್ಪನ ಜೊತೆ ಒಮ್ಮೆಯೂ ಹೋಗಲಿಲ್ಲ.

ಹುಡುಕಾಟ ಶುರುವಾದದ್ದು ಅವ್ವ ಹೋದ ಮೇಲೆ. ಅಷ್ಟು ಹೊತ್ತಿಗೆ ನಾನು ಬೈಲಹೊಂಗಲಕ್ಕೆ ಬಂದು ಹೊಲಿಗೆಯಲ್ಲಿ ನೆಲೆ ನಿಂತಿದ್ದೆ. ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವನ ಮಾತು ಮಾತ್ರ ಕಿವಿಯಲ್ಲಿ ಉಳಿದಿತ್ತು: ಇಂಥಾವು ನೂರ ಇರತಾವ. ನೂರು ಬೇಡ, ಇನ್ನೊಂದು ಸಿಕ್ಕರೆ ಸಾಕು ಎಂದುಕೊಂಡೆ. ಇನ್ನೊಂದು ಇದ್ದರೆ ಕಾಲುವೆಯಲ್ಲಿ ಸಿಕ್ಕವನು ಬೇರೆಯವನೂ ಆಗಿರಬಹುದು. ಅಣ್ಣ ಎಲ್ಲೋ ಮುದುಕನಾಗಿ ಕೂತಿರಬಹುದು.

ಹಳೆಯ ಸಾಮಾನು ಕೊಳ್ಳುವ ಮೋಡಕಾದವರ ಅಂಗಡಿ, ಸಂತೆ, ಚಪ್ಪಲಿ ಹೊಲಿಯುವವರ ಪೆಟ್ಟಿಗೆ, ಎಲ್ಲ ಕಡೆ ಕೇಳಿದೆ. ಬಕಲ್‌ಗಳು ಸಿಕ್ಕವು, ಕುದುರೆ ಸಿಗಲಿಲ್ಲ. ನನಗೆ ಬರಬರುತ್ತ ಅವುಗಳ ಜಾತಿ ತಿಳಿಯಿತು. ಹಗುರಾಗಿ, ಮೇಲಿನ ಹೊಳಪು ಎದ್ದು ಒಳಗೆ ಬೂದು ಬಣ್ಣ ಕಾಣುವಂಥವು ಮುಂಬೈ ಮಾಲು. ಟಾಕೀಜುಗಳ ಹೊರಗೆ ಬಾಚಣಿಕೆ, ಕರಿ ಕನ್ನಡಕಗಳ ಜೊತೆ ಮಾರಾಟಕ್ಕೆ ಬರುತ್ತಿದ್ದವು. ಒಂದೇ ಅಚ್ಚಿನ ಪಿಸ್ತೂಲು ಸವದತ್ತಿಯಲ್ಲೂ ಸಿಕ್ಕಿತು, ರಾಮದುರ್ಗದಲ್ಲೂ ಸಿಕ್ಕಿತು. ದೊಡವಾಡದಲ್ಲಿ ಒಬ್ಬ ಮುದುಕ ಲಾಳದ ಬಕಲ್ಲನ್ನು ಎಮ್ಮೆಯ ಕೊರಳ ಪಟ್ಟಿಗೆ ಹಾಕಿದ್ದ. "ಹರೇದಾಗ ನಾ ಹಾಕ್ಕೋತಿದ್ದೆ. ಈಗ ನಮ್ಮಿಬ್ಬರೊಳಗ ಇಕಿದ ನಡು ಗಟ್ಟಿ ಐತಿ," ಎಂದು ಎಮ್ಮೆಯನ್ನು ತೋರಿಸಿದ. ಇಂಥವನ್ನೆಲ್ಲ ತಂದು ಮುಖ ಮೇಲೆ ಮಾಡಿ ಕಂಬಳಿಗೆ ಹೊಲಿದೆ. ಚಿತ್ರ ಕಾಣಬೇಕಲ್ಲ. ಹಿಂದಿನ ಬದಿ ಕಂಬಳಿಯ ಕಡೆಗೆ ಹೋಯಿತು. ಸೀರೆ ಉಡುವವಳು ನಾನು, ಬೆಲ್ಟು ಕಟ್ಟಿದವಳಲ್ಲ. ಹಿಂದೆ ನೋಡಬೇಕೆಂದು ಹೊಳೆಯಲೇ ಇಲ್ಲ.

ನಮ್ಮ ಕುದುರೆ ಮುಂಬೈಯದಲ್ಲ ಎಂಬುದು ಅದರ ತೂಕದಲ್ಲಿ, ಮೂಗುದಾರದಲ್ಲಿ ಗೊತ್ತಾಗುತ್ತಿತ್ತು. ಎತ್ತಿನ ಸಾಮಾನು ಮಾಡುವವರೇ ಎರಕ ಹೊಯ್ದಿರಬೇಕು ಎಂದು ಹಿತ್ತಾಳೆ ಕೆಲಸದವರ ಮನೆಗಳನ್ನು ಕೇಳುತ್ತ ಹೋದೆ. ಬಹಳ ಮನೆಗಳಲ್ಲಿ ಆ ಕೆಲಸ ನಿಂತು ಎಷ್ಟೋ ಕಾಲವಾಗಿತ್ತು. ಹೋದ ವರ್ಷ, ನನ್ನ ಕೋಣೆಯಿಂದ ಎರಡು ಓಣಿ ಆಚೆಗೇ, ಅಂಥದೇ ಮನೆಯಲ್ಲಿ ಹುಟ್ಟಿ ಈಗ ಮೊಬೈಲ್ ರಿಪೇರಿ ಮಾಡುವ ಒಬ್ಬರು ಅದನ್ನು ಕೈಯಲ್ಲಿ ಹಿಡಿದ ಕೂಡಲೇ ನಕ್ಕುಬಿಟ್ಟರು.

"ಇದು ನಮ್ಮಪ್ಪಂದರೀ ಅಕ್ಕಾರ! ಎತ್ತಿನ ಗಂಟಿ, ಕೋಡಣಸು, ಬಸವಣ್ಣನ ಮೂರ್ತಿ, ಇವನ್ನ ಮಾಡಾಂವ. ಟಾಕೀಜಿನ್ಯಾಗ ಕುದರಿ ಪಿಕ್ಚರ್ ಬಂದಾಗ ಹುಡುಗೂರು ಗಂಟ ಬಿದ್ರು, ಬಕಲ್ ಮಾಡಿಕೊಡ ಅಂತ. ಪೋಸ್ಟರ್ ನೋಡಿ ಮಾಡಿದ."

"ಕುದರಿಗೆ ಮೂಗುದಾರ ಯಾಕ್ರಿ?"

"ಟಾಂಗಾ ಕುದರಿ ದಿನಾ ನೋಡತಿದ್ದ, ಗೊತ್ತಿಲ್ಲ ಅಂತಲ್ಲ. ಬಸವಣ್ಣನ್ನ ಮಾಡಿ ಮಾಡಿ ಕೈ ತಾನ ಹಾಕಿಬಿಟ್ಟಿತ್ತು. ಮಂದಿ ನಕ್ಕರು. ನಕ್ಕಮ್ಯಾಲ ತಗೀತಾನೇನ್ರಿ? ಹಟಮಾರಿ. ಮುಂದಿನವಕ್ಕೂ ಹಂಗ ಹಾಕಿದ."

ಮುಂದಿನವಕ್ಕೂ. ನಾನು ಅವರ ಕಟ್ಟೆಯ ಮೇಲೆ ಕೂತುಬಿಟ್ಟೆ. ಇನ್ನೊಂದು ಈಗ ಎಲ್ಲಾದರೂ ಇದೆಯೇ ಎಂದು ಕೇಳಿದೆ. ಕಿತ್ತೂರಿನಲ್ಲಿ ಒಬ್ಬ ಹಳೆಯ ಲಾರಿ ಡ್ರೈವರ್ ಇದ್ದಾರೆ, ಇನ್ನೂ ಅದನ್ನೇ ಹಾಕಿಕೊಂಡು ಓಡಾಡುತ್ತಾರೆ, ಮೊನ್ನೆ ಮೊಬೈಲ್ ತೋರಿಸಲು ಬಂದಾಗಲೂ ಹಾಕಿಕೊಂಡಿದ್ದರು ಎಂದರು.

ಮರುದಿನ ಅಂಗಡಿ ತೆರೆಯಲಿಲ್ಲ. ಕಿತ್ತೂರಿನ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೀ ಹೇಳಿದ್ದು ಖರೆ ಆತು ನೋಡಬೇ ಎಂದು ಮನಸ್ಸಿನಲ್ಲೇ ಅವ್ವನಿಗೆ ಹೇಳಿದೆ. ಹೊಲಗಳಲ್ಲಿ ಜೋಳ ನಿಂತಿತ್ತು. ಅಷ್ಟು ಹಗುರವಾಗಿ ನಾನು ಎಂದೂ ಪ್ರಯಾಣ ಮಾಡಿರಲಿಲ್ಲ. ಪಕ್ಕದಲ್ಲಿ ಕೂತವಳು ಎಲ್ಲಿಗೆ ಎಂದು ಕೇಳಿದಾಗ, "ನಮ್ಮಣ್ಣನ ಸುದ್ದಿ ಬಂದೈತಿ," ಎಂದುಬಿಟ್ಟೆ.

ಡ್ರೈವರ್ ಮುಸಲ್ಮಾನರು, ನನಗಿಂತ ಹಿರಿಯರು, ತೆಳ್ಳಗೆ, ಎತ್ತರ. ಅಂಗಳದಲ್ಲಿ ಹುರಿ ಹೆಣೆದ ಬಾಜಿನ ಮೇಲೆ ಕೂತಿದ್ದರು. ಬಾಗಿಲಿನಿಂದಲೇ ನನಗೆ ಅವರ ಸೊಂಟದ ಕುದುರೆ ಕಂಡಿತು. ಅದೇ ಸವಾರ, ಅದೇ ಮೂಗುದಾರ. ನಾನು ಬಂದ ಕೆಲಸ ಹೇಳಿದೆ. ಅಣ್ಣನ ವಿಷಯ ಹೇಳಲಿಲ್ಲ, ಬಕಲ್ ಕೂಡಿಸುತ್ತೇನೆ ಎಂದಷ್ಟೇ ಅಂದೆ.

"ಬರ್ರಿ ತಂಗಿ, ಕುಂದರ್ರಿ," ಅಂದರು. ಒಳಗೆ ಕೂಗಿದರು, "ಏ, ಕೇಳಿದೇನ? ನನ್ನ ಬಕಲ್ ನೋಡಾಕ ಬೈಲಹೊಂಗಲದಿಂದ ಬಂದಾರ! ನೀ ದಿನಾ ಮೋಡಕಾಕ್ಕ ಹಾಕ್ರಿ ಅಂತಿ."

ಅವರ ಹೆಂಡತಿ ಹೊಸ್ತಿಲಿಗೆ ಬಂದರು. "ಬಕಲ್ ಜೋಡಿ ಇವರನ್ನೂ ಒಯ್ತೀರೇನ್ರಿ? ತೂಕಕ್ಕ ಹಾಕಿದ್ರ ಬಕಲ್ಲ ಜಾಸ್ತಿ ತೂಗತೈತಿ."

ನಾನು ನಕ್ಕೆ. ನಿಜವಾಗಿ ನಕ್ಕೆ. ಡಬ್ಬಿ ತೆಗೆದು ನಮ್ಮದನ್ನು ಅವರ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು, ಎದ್ದು ನಿಂತರು, ತಮ್ಮ ಬಕಲ್ ಕಳಚಿ ಬಾಜಿನ ಮೇಲಿಟ್ಟು ಅದರ ಜಾಗದಲ್ಲಿ ನಮ್ಮದನ್ನು ಬೆಲ್ಟಿಗೆ ಸಿಕ್ಕಿಸಿದರು. ಸಿಕ್ಕಿಸಿ, ಕೊಕ್ಕೆಯನ್ನು ತೂತಿಗೆ ಹಾಕಿ, ಕೈ ತೆಗೆದರು.

ಕುದುರೆ ತಲೆಕೆಳಗಾಗಿತ್ತು. ನಾಲ್ಕೂ ಕಾಲು ಮೇಲೆ, ಸವಾರ ಕೆಳಗೆ.

"ಅರೆ! ಕುದರಿ ಸತ್ತ ಬಿತ್ತಲ್ಲೋ!" ಎಂದು ಅವರು ನಕ್ಕರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಬಿಚ್ಚಿ ತಿರುಗಿಸಿ ಹಾಕಲು ನೋಡಿದರು, ಆಗಲಿಲ್ಲ. ಆಮೇಲೆ ಎರಡನ್ನೂ ಬೋರಲು ಮಾಡಿ ಬಾಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಹಿಂದೆ ಒಂದು ಬದಿಗೆ ಪಟ್ಟಾ ಸೇರಿಸುವ ಬಳೆ ಇರುತ್ತದೆ, ಇನ್ನೊಂದು ಬದಿಗೆ ತೂತಿಗೆ ಸಿಕ್ಕಿಸುವ ಕೊಕ್ಕೆ. ಅವರದರಲ್ಲಿ ಬಳೆ ಇದ್ದ ಬದಿಗೆ ನಮ್ಮದರಲ್ಲಿ ಕೊಕ್ಕೆ ಇತ್ತು.

"ಹಾಂ, ತಿಳೀತು," ಅಂದರು. "ಎಡಚರು ಪಟ್ಟಾ ಉಲ್ಟಾ ಏರಸ್ತಾರ ನೋಡ್ರಿ. ಅದಕ್ಕ ಮಾಡಿದ ಮುದುಕ ಕೊಕ್ಕಿ ಈ ಕಡಿ ಕುಂದ್ರಿಸ್ಯಾನ. ಯಾವನೋ ಎಡಚ ಹುಡುಗ ಕೇಳಿ ಮಾಡಿಸಿಕೊಂಡಾನ. ಯಾರದರೀ ಇದು?"

ಬಾಜಿನ ಹುರಿಗಳ ನಡುವೆ ಆ ಕೊಕ್ಕೆ ನನ್ನ ಕಡೆಗೇ ಬಾಗಿತ್ತು. ಇಷ್ಟು ವರ್ಷ ಅದನ್ನು ಒರೆಸಿದ್ದೇನೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಬೆರಳಿಗೆ ಅದು ಎಷ್ಟು ಸಲ ತಾಗಿರಬೇಕು.

"ನಮ್ಮಣ್ಣಂದರಿ," ಅಂದೆ.

"ಎಲ್ಲಿ ಅದಾರ ಈಗ?"

ನಾನು ಬಕಲ್ಲನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಿದೆ. ಅವರ ಹೆಂಡತಿ ನನ್ನ ಮುಖ ನೋಡಿ ನಗು ನಿಲ್ಲಿಸಿ ಒಳಗೆ ಹೋಗಿ ನೀರು ತಂದರು. ಡ್ರೈವರ್ ತಮ್ಮ ಬಕಲ್ಲನ್ನು ನನ್ನ ಕಡೆಗೆ ಸರಿಸಿದರು. "ಇದನ್ನೂ ಒಯ್ರಿ ತಂಗಿ. ಜೋಡಿ ಇರಲಿ."

"ಬ್ಯಾಡ್ರೀ ಅಣ್ಣಾರ," ಅಂದೆ. "ನೀವು ಹಾಕ್ಕೊಳ್ರಿ."

ಮನೆಗೆ ಹೋಗಲು ಮನಸ್ಸಾಗಲಿಲ್ಲ. ಬೈಲಹೊಂಗಲದಲ್ಲಿ ಇಳಿದು ಸವದತ್ತಿಯ ಬಸ್ಸು ಹತ್ತಿದೆ, ಅಲ್ಲಿಂದ ಮುನವಳ್ಳಿಯ ಕಡೆಗೆ. ನವಿಲುತೀರ್ಥದಲ್ಲಿ ಇಳಿದಾಗ ಬಿಸಿಲು ಇಳಿದಿತ್ತು. ಕಾಲುವೆಯಲ್ಲಿ ನೀರು ಬಿಟ್ಟಿದ್ದರು. ದಂಡೆಗುಂಟ ನಡೆದೆ. ಜಾಲಿಗಿಡಗಳು ಎಷ್ಟೋ ಇದ್ದವು, ಕಡಿದ ಬೊಡ್ಡೆಗಳೂ ಇದ್ದವು. ಅಪ್ಪ ಯಾವುದರ ಬುಡದಲ್ಲಿ ನಿಲ್ಲುತ್ತಿದ್ದ ಎಂದು ನನಗೆ ಗೊತ್ತಿರಲಿಲ್ಲ, ಕೇಳಿದ್ದರೆ ತೋರಿಸುತ್ತಿದ್ದ. ಅವ್ವ, ನಾನು ಬಕಲ್ ನೋಡಿದೆವು. ಅಪ್ಪ ಮಗನ ಮೈ ನೋಡಿದ್ದ, ತಾನೇ ನೀರು ಹಾಕಿ ತೊಳೆದು ಮಣ್ಣಿಗೆ ಇಳಿಸಿದ್ದ. ಅವನಿಗೆ ಕೊಕ್ಕೆಯ ಸಾಕ್ಷಿ ಬೇಕಿರಲಿಲ್ಲ. ಧೋತರದ ಗಂಟಿನಲ್ಲಿ ಅದನ್ನು ತಂದದ್ದು ನಮಗೆ ತೋರಿಸಲಿಕ್ಕಲ್ಲ, ಅವ್ವನಿಗೆ ಮಗನದೊಂದು ಇರಲಿ ಎಂದು ಇರಬೇಕು.

ಒಂದು ಗಿಡವನ್ನು ಆರಿಸಿಕೊಂಡು ಅದರ ಕೆಳಗೆ ಸ್ವಲ್ಪ ಹೊತ್ತು ಕೂತೆ. ಕೊನೆಯ ಬಸ್ಸಿಗೆ ಎದ್ದು ಬಂದೆ.

ಆ ಬಕಲ್ಲನ್ನೂ ಈಗ ಕಂಬಳಿಗೆ ಹೊಲಿದಿದ್ದೇನೆ, ನಡುವಿಗೆ, ಬೋರಲಾಗಿ. ಕುದುರೆ ಗೋಡೆಯ ಕಡೆಗಿದೆ, ಕೊಕ್ಕೆ ಕಾಣುತ್ತದೆ. ಮೊನ್ನೆ ಬ್ಲೌಸಿನ ಅಳತೆ ಕೊಡಲು ಬಂದ ಒಬ್ಬ ಹುಡುಗಿ ಕೇಳಿದಳು, "ಅಕ್ಕಾರ, ಇದೊಂದ ಯಾಕ ಉಲ್ಟಾ ಹೊಲದೀರಿ?"

"ನಮ್ಮಣ್ಣ ಎಡಚ ಇದ್ದವ್ವಾ," ಅಂದೆ. ಅವಳಿಗೆ ಏನು ತಿಳಿಯಿತೋ. ಕೈ ಎತ್ತಿ ನಿಂತಳು, ನಾನು ಟೇಪು ಹಿಡಿದೆ.