ಬೀಸ್ಟನ್ನಿನಲ್ಲಿ ಮೂರನೆಯ ಅವಧಿ

ಅಮೆರಿಕದ ಸಂವಿಧಾನದ ಬಗ್ಗೆ ಇಂಗ್ಲೆಂಡಿನ ನಮ್ಮೂರು ಬೀಸ್ಟನ್ನಿನಲ್ಲಿ ನಡೆಯುವ ಅತ್ಯಂತ ಉಗ್ರವಾದ ಚರ್ಚೆಗಳು, ನನಗೆ ತಿಳಿದಮಟ್ಟಿಗೆ, ಒಂದು ಗಾರ್ಡನ್ ಸೆಂಟರಿನ ಕೆಫೆಯಲ್ಲಿ ನಡೆಯುತ್ತವೆ. ಬುಧವಾರ ಮಧ್ಯಾಹ್ನ, ಗುಲಾಬಿ ಗಿಡಗಳಿಗೂ ಗೊಬ್ಬರದ ಚೀಲಗಳಿಗೂ ನಡುವೆ ಇರುವ ಮೇಜಿನಲ್ಲಿ. ಚರ್ಚಿಸುವವರು ಇಬ್ಬರು: ಆರ್ಥಿಕ ಇತಿಹಾಸದ ಸಂಶೋಧನೆಯಲ್ಲಿ ಆಯುಷ್ಯ ಕಳೆದು ನಿವೃತ್ತಳಾದ ನಾನು, ಮತ್ತು ಬೀಸ್ಟನ್ನಿನ ಅರ್ಧ ಜನರ ಗಂಟಲು ನೋಡಿ ನಿವೃತ್ತರಾದ ಧಾರವಾಡದ ಡಾಕ್ಟರು. ಜೊತೆಗೆ ಡಾಕ್ಟರ ಶ್ರೀಮತಿಯವರಿರುತ್ತಾರೆ. ಅವರು ಸ್ಕೋನ್ ಎಂಬ ಇಲ್ಲಿನ ಬನ್ನು ತಿನ್ನುತ್ತ ಕಿಟಕಿಯಾಚೆ ನೋಡುತ್ತಾರೆ, ಬೇಕೆನಿಸಿದಾಗ ಒಂದೇ ಮಾತು ಹೇಳಿ ನಮ್ಮಿಬ್ಬರನ್ನೂ ಕೆಡವುತ್ತಾರೆ. ಮೂವರಲ್ಲಿ ಯಾರೂ ಅಮೆರಿಕದಲ್ಲಿ ವಾಸಿಸಿದವರಲ್ಲ. ನಮ್ಮ ವಾರ್ಡಿನ ಕೌನ್ಸಿಲರ್ ಯಾರೆಂದು ಕೇಳಿದರೆ ಡಾಕ್ಟರೂ ನಾನೂ ಚಹಾದ ಕಪ್ಪಿನೊಳಗೆ ನೋಡತೊಡಗುತ್ತೇವೆ.

ಸಂವಿಧಾನದ ವಿಷಯದಲ್ಲಿ ನನ್ನದು ಅಕ್ಷರದ ಪಕ್ಷ. ಬರೆದ ಕಾಲದಲ್ಲಿ ಆ ಪದಗಳಿಗೆ ಯಾವ ಅರ್ಥವಿತ್ತೋ ಅದೇ ಅರ್ಥ; ಬೇರೆಯದು ಬೇಕಿದ್ದವರು ಕಷ್ಟಪಟ್ಟು ತಿದ್ದುಪಡಿ ತರಲಿ. ಡಾಕ್ಟರದು ಆಶಯದ ಪಕ್ಷ. ಸಾಧಾರಣವಾಗಿ ಅವರು ಇಲ್ಲಿನ ಎಲ್ಲರಂತೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಾರೆ; ವಾದ ಬಿಸಿಯೇರಿದ ಕ್ಷಣ ಧಾರವಾಡ ತಾನಾಗಿ ಹೊರಬರುತ್ತದೆ.

“ಅಕ್ಕಾರ, ಸಂವಿಧಾನ ಅಂದ್ರ ಜೀವ ಇರೋ ಮೈ. ಕೂಸಿಗೆ ಕೊಟ್ಟ ಡೋಸನ್ನ ಎಂಬತ್ತರ ಮುದುಕಗ ಕೊಡಾಕ ಬರ್ತೈತೇನ್ರಿ?”

“ಡೋಸ್ ಬದಲಾಯಿಸಿ ಡಾಕ್ಟ್ರೇ, ಬೇಡ ಅಂದವರು ಯಾರು? ಚೀಟಿ ಮಾತ್ರ ಹೊಸದಾಗಿ ಬರೀರಿ. ಹಳೇ ಚೀಟೀನೇ ಬೇರೆ ಥರ ಓದಬೇಡಿ.”

ಅಮೆರಿಕದ ಆಮದು ಸುಂಕದ ಗಲಾಟೆಯ ತಿಂಗಳುಗಳಲ್ಲಿ ಡಾಕ್ಟರ ಸ್ಥಿತಿ ಶೋಚನೀಯವಾಗಿತ್ತು. ಸುಂಕ ವಿಧಿಸುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದೆಂದು ಸಂವಿಧಾನದ ಮೊದಲನೆಯ ವಿಧಿಯ ಎಂಟನೆಯ ಭಾಗ ಸ್ಪಷ್ಟವಾಗಿ ಹೇಳುತ್ತದೆ. ಡಾಕ್ಟರಿಗೆ ಆ ಸುಂಕಗಳೂ ಹಿಡಿಸುತ್ತಿರಲಿಲ್ಲ, ಅವನ್ನು ಹಾಕಿದವರೂ ಹಿಡಿಸುತ್ತಿರಲಿಲ್ಲ. ಆದರೆ ಕಾಲಕ್ಕೆ ತಕ್ಕಂತೆ ಅಧ್ಯಕ್ಷರ ಕೈ ಸ್ವಲ್ಪ ಸಡಿಲವಾಗಿರಬೇಕೆಂದು ವರ್ಷಗಟ್ಟಲೆ ವಾದಿಸಿದ್ದರಿಂದ, ಬುಧವಾರ ಬುಧವಾರವೂ ತಮಗೆ ಬೇಡವಾದ ಸುಂಕವನ್ನೇ ಸಮರ್ಥಿಸಿಕೊಂಡು ಮನೆಗೆ ಹೋಗುತ್ತಿದ್ದರು.

ನನ್ನ ದೌರ್ಬಲ್ಯ ತಾರೀಖುಗಳದು. ತಾರೀಖು ತಪ್ಪಿದ ವಾದವನ್ನು ಅದು ಎಷ್ಟೇ ಚೆನ್ನಾಗಿದ್ದರೂ ಮುಂದೆ ಬಿಡಲು ನನ್ನಿಂದಾಗದು. ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿಯನ್ನು ಅಮೆರಿಕದ ಅಧ್ಯಕ್ಷರು ಕಳಚಿದ್ದು ೧೯೭೧ರ ಆಗಸ್ಟ್ ಹದಿನೈದರಂದು ಎಂದು ನಾನೊಮ್ಮೆ ಹೇಳಿದೆ. ಡಾಕ್ಟರು ಹದಿನಾರು ಎಂದರು. ಸ್ವಾತಂತ್ರ್ಯ ದಿನಾಚರಣೆಯ ಮಾರನೆಯ ದಿನ ತಮ್ಮ ತಂದೆ ರೇಡಿಯೋ ಮುಂದೆ ನಿಂತು ಈ ಸುದ್ದಿ ಕೇಳಿದ್ದನ್ನು ತಾವು ಕಣ್ಣಾರೆ ಕಂಡದ್ದಾಗಿ ಸಾಧಿಸಿದರು. ಚಹಾ ಆರಿತು. ಮನೆಗೆ ಹೋಗಿ ಎರಡು ಕಡೆ ಪರಿಶೀಲಿಸಿದೆ: ಭಾಷಣ ನಡೆದದ್ದು ವಾಷಿಂಗ್ಟನ್ನಿನ ಭಾನುವಾರ ರಾತ್ರಿ, ಹದಿನೈದರಂದೇ. ಆ ಹೊತ್ತಿಗೆ ಧಾರವಾಡದಲ್ಲಿ ಸೋಮವಾರ ಬೆಳಗಾಗಿತ್ತು. ಮುಂದಿನ ಬುಧವಾರ ಇದನ್ನು ವರದಿ ಮಾಡಿದಾಗ ಶ್ರೀಮತಿಯವರು ಸ್ಕೋನಿಗೆ ಜಾಮ್ ಹಚ್ಚುತ್ತ ಕೇಳಿದರು: “ಇಬ್ಬರದೂ ಖರೇನ ಅಂದ್ರ, ಹೋದ ವಾರ ಅಷ್ಟೊತ್ತು ಯಾಕ ಕೂಗ್ಯಾಡಿದ್ರಿ?”

ಇಷ್ಟು ಹೇಳಿದ ಮೇಲೆ ಇನ್ನೊಬ್ಬ ಅಧ್ಯಕ್ಷರ ವಿಷಯಕ್ಕೆ ಬರಬೇಕು. ಡಾಕ್ಟರು ನಮ್ಮ ಕನ್ನಡ ಸಂಘದ ಅಧ್ಯಕ್ಷರಾಗಿದ್ದರು. ಯುಗಾದಿ, ರಾಜ್ಯೋತ್ಸವ, ಬೇಸಿಗೆಯಲ್ಲೊಂದು ವನಭೋಜನ, ಶನಿವಾರಗಳಲ್ಲಿ ಮಕ್ಕಳಿಗೆ ಕನ್ನಡ ತರಗತಿ, ಇಷ್ಟು ಆ ಸಂಘದ ವ್ಯಾಪ್ತಿ. ಆಳ್ವಿಕೆಯ ಅರ್ಥಶಾಸ್ತ್ರವನ್ನು ಡಾಕ್ಟರು ಅಮೆರಿಕದಿಂದ ಚೆನ್ನಾಗಿ ಕಲಿತಿದ್ದರು. ಸಭೆಗೆ ಜನ ತುಂಬಿದರೆ ಅದು ತಮ್ಮ ನೀತಿಯ ಫಲ. ಬಿಸಿಬೇಳೆಭಾತ್ ಸಾಲದೆ ಹೋದರೆ ಹಿಂದಿನ ಆಡಳಿತದಿಂದ ಬಂದ ಬಳುವಳಿ. ಆದರೆ ಆ ಹುದ್ದೆ ಅವರಿಗೆ ಆಟವಾಗಿರಲಿಲ್ಲ. ತಮ್ಮ ದವಾಖಾನೆಯ ಬಾಗಿಲು ಮುಚ್ಚಿದಂದಿನಿಂದ ಯಾರೂ ಅವರನ್ನು ಕಾಯುತ್ತ ಕೂತಿರಲಿಲ್ಲ. ಸಂಘದ ಸಭೆಗಳು ನಡೆಯುವ ಸ್ಕೌಟ್ ಹಾಲಿನ ಬಾಗಿಲಲ್ಲಿ ಮಾತ್ರ ಅವರು ಕಾಣಿಸಿಕೊಂಡೊಡನೆ ನಾಲ್ಕು ಜನ ಎದ್ದು ಬರುತ್ತಿದ್ದರು: ಮೈಕ್ ಎಲ್ಲಿ, ದೀಪ ಯಾರು ಹಚ್ಚುತ್ತಾರೆ, ಕುರ್ಚಿ ಎಷ್ಟು ಸಾಲು ಎಂದು ಕೇಳಲು. ಆ ನಾಲ್ಕು ಜನರನ್ನು ಕಳೆದುಕೊಳ್ಳಲು ಅವರು ಸಿದ್ಧರಿರಲಿಲ್ಲ. ಈ ವರ್ಷದ ಯುಗಾದಿಗೆ ಅವಧಿ ಮುಗಿಯಲಿತ್ತು. ಮತ್ತೆ ನಿಲ್ಲುವುದಾಗಿ ಘೋಷಿಸಿದರು.

ಎದುರಾಳಿಯೂ ಇದ್ದಳು. ಶನಿವಾರದ ತರಗತಿಯನ್ನು ನಡೆಸುವ, ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಬೆಂಗಳೂರಿನ ತರುಣಿ. ಅವಳು ಜಗಳಕ್ಕೆ ಬರಲಿಲ್ಲ, ಒಂದು ಪ್ರಶ್ನೆಯನ್ನಷ್ಟೇ ಕೇಳಿದಳು: “ಅಂಕಲ್, ನಿಮ್ದು ಈಗಾಗ್ಲೇ ಎರಡು ಟರ್ಮ್ ಆಯ್ತಲ್ವಾ?”

ಆಗಿತ್ತು, ಆಗಿರಲಿಲ್ಲ. ಲಾಕ್‌ಡೌನ್ ಶುರುವಾದ ಆ ವಸಂತದಲ್ಲಿ ಬೇರೊಬ್ಬರು ಅಧ್ಯಕ್ಷರಾಗಿ ಚುನಾಯಿತರಾಗಿದ್ದರು. ಹಬ್ಬಕ್ಕೆಂದು ಬೆಂಗಳೂರಿಗೆ ಹೋದವರು ವಿಮಾನಗಳು ನಿಂತು ಅಲ್ಲೇ ಉಳಿದರು, ಅಲ್ಲಿಂದಲೇ ಫೋನಿನಲ್ಲಿ ರಾಜೀನಾಮೆ ಕೊಟ್ಟರು. ಉಪಾಧ್ಯಕ್ಷರಾಗಿದ್ದ ಡಾಕ್ಟರು ಆ ಮೂರು ವರ್ಷದ ಅವಧಿಯ ಬಹುಪಾಲನ್ನು ನಡೆಸಿದರು. ಅದು ಮುಗಿದ ಮೇಲೆ ಒಮ್ಮೆ ಚುನಾಯಿತರಾದರು. ಸಂಘದ ನಿಯಮಾವಳಿ ಹೇಳುವುದಿಷ್ಟೆ: ಯಾರನ್ನೂ ಎರಡು ಬಾರಿಗಿಂತ ಹೆಚ್ಚು ಅಧ್ಯಕ್ಷರನ್ನಾಗಿ ಆರಿಸತಕ್ಕದ್ದಲ್ಲ. ಕೂತದ್ದು ಎರಡು ಅವಧಿ. ಆರಿಸಿದ್ದು ಒಂದು ಬಾರಿ.

ಅಮೆರಿಕದ ಇಪ್ಪತ್ತೆರಡನೆಯ ತಿದ್ದುಪಡಿಯನ್ನು ಓದಿದವರಿಗೆ ಈ ವಾಕ್ಯ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ೧೯೫೧ರ ಫೆಬ್ರವರಿಯಲ್ಲಿ ಅಂಗೀಕೃತವಾದ ಆ ತಿದ್ದುಪಡಿಗೆ ಇನ್ನೂ ಅರ್ಧವಿದೆ: ಬೇರೊಬ್ಬರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅಧಿಕಾರ ನಡೆಸಿದವರನ್ನು ಆಮೇಲೆ ಒಮ್ಮೆ ಮಾತ್ರ ಆರಿಸಬಹುದು. ಸಂಘವನ್ನು ಕಟ್ಟಿದ ಹಿರಿಯರು ಮೊದಲರ್ಧವನ್ನು ಕನ್ನಡಕ್ಕಿಳಿಸಿ, ಎರಡನೆಯದನ್ನು ಕೈಬಿಟ್ಟಿದ್ದರು. ಊಟದ ಹೊತ್ತಾಗಿತ್ತೇನೋ. ಅವರಲ್ಲಿ ಈಗ ಯಾರೂ ನಮ್ಮೂರಲ್ಲಿಲ್ಲ. ನಿಯಮ ಏನು ಹೇಳುತ್ತದೆಂದು ಮಹಾಸಭೆಯ ಮುಂದೆ ಓದಿ ತಿಳಿಸುವ ಕೆಲಸವನ್ನು ಸಮಿತಿ ನನಗೆ ವಹಿಸಿತು. ತಾರೀಖುಗಳನ್ನು ಇಷ್ಟೊಂದು ಹಚ್ಚಿಕೊಂಡವರು ಇನ್ನಾರೂ ಇರಲಿಲ್ಲ.

ಮುಂದಿನ ಬುಧವಾರ ಕೆಫೆಯಲ್ಲಿ ನಾನು ಪೀಠಿಕೆಯಿಲ್ಲದೆ ಶುರುಮಾಡಿದೆ. “ಡಾಕ್ಟ್ರೇ, ನಿಯಮದ ಆಶಯ ನೋಡಿದ್ರೆ…”

“ಆಶಯ?” ಅವರು ಕಪ್ಪು ಕೆಳಗಿಟ್ಟರು. “ಯಾವ ಆಶಯರೀ? ಅಕ್ಷರ ನೋಡ್ರಿ ಅಕ್ಕಾರ, ಅಕ್ಷರ! ಆರಿಸತಕ್ಕದ್ದಲ್ಲ ಅಂತ ಬರದಾರ. ಕೂಡತಕ್ಕದ್ದಲ್ಲ ಅಂತ ಬರದಾರೇನು? ಬರಿಲಿಲ್ಲ.”

“ಒಬ್ಬರೇ ತುಂಬಾ ಕಾಲ ಕೂತಿರಬಾರದು ಅನ್ನೋದು ತಾನೇ ಅದರ ಉದ್ದೇಶ? ಅಮೆರಿಕದ ತಿದ್ದುಪಡಿಯಲ್ಲಿ…”

“ನಾವೇನ್ ಅಮೆರಿಕಾದಾಗ ಅದೀವೇನ್ರಿ? ಇದು ಬೀಸ್ಟನ್!”

ವರ್ಷಗಟ್ಟಲೆ ಆ ಮೇಜಿನಲ್ಲಿ ಅಮೆರಿಕವನ್ನು ಬಿಟ್ಟು ಬೇರೆ ಯಾವ ದೇಶವೂ ಬಂದಿರಲಿಲ್ಲ. ಶ್ರೀಮತಿಯವರು ಕಿಟಕಿಯಿಂದ ಮುಖ ತಿರುಗಿಸಿ ಇಬ್ಬರನ್ನೂ ಸಾವಕಾಶವಾಗಿ ನೋಡಿದರು. “ಜಾಗಾ ಬದ್ಲಿ ಮಾಡಿಕೊಂಡು ಕೂಡ್ರಿ ಹಂಗಾರ. ನೀವು ಈ ಕಡೆ, ಅಕ್ಕಾ ಆ ಕಡೆ. ನನಗ ತಿಳಿಯೋದರ ತಿಳೀಲಿ.”

ನನಗೆ ನಗು ಬಂತು, ಡಾಕ್ಟರಿಗೆ ಬರಲಿಲ್ಲ. ನನ್ನ ನಗುವೂ ಮನೆ ತಲುಪುವ ಹೊತ್ತಿಗೆ ಇಳಿದುಹೋಯಿತು. ಡಾಕ್ಟರು ಬೇಕೆಂದಾಗ ಪಕ್ಷ ಬದಲಿಸಬಹುದು, ಅವರು ಅಭ್ಯರ್ಥಿ. ನಾನು ಓದಿ ಹೇಳಬೇಕಾದವಳು. ಬರೆಯದೆ ಬಿಟ್ಟ ಅರ್ಧವನ್ನು ಬರೆದಿದೆ ಎಂದು ಓದಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ಅವರು ಸಾಕುಮಾಡಲಿ ಎಂಬ ನನ್ನ ಬಯಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ನಿಯಮಾವಳಿಯ ಯಾವ ಪುಟದಲ್ಲೂ ಇರಲಿಲ್ಲ.

ಯುಗಾದಿಯ ಊಟದ ನಂತರ ಸ್ಕೌಟ್ ಹಾಲಿನಲ್ಲಿ ಮಹಾಸಭೆ ಸೇರಿತು. ಮಕ್ಕಳು ಹೊರಗೆ ಇಂಗ್ಲಿಷಿನಲ್ಲಿ ಕಿರುಚಾಡುತ್ತಿದ್ದರು. ದೊಡ್ಡವರು ಒಳಗೆ ಕನ್ನಡದಲ್ಲಿ. ಒಬ್ಬರು ಲಾಕ್‌ಡೌನಿನ ಕಾಲವನ್ನು ಲೆಕ್ಕಕ್ಕೇ ಹಿಡಿಯಬಾರದೆಂದರು. ಇನ್ನೊಬ್ಬರು ಹಾಗಾದರೆ ಆ ವರ್ಷಗಳಲ್ಲಿ ತಮಗಾದ ವಯಸ್ಸನ್ನೂ ಹಿಡಿಯಬಾರದೆಂದರು. ಕೊನೆಗೆ ನನ್ನನ್ನು ಕರೆದರು.

ನಿಯಮ ಆರಿಸುವುದರ ಬಗ್ಗೆ ಮಾತ್ರ ಮಾತಾಡುತ್ತದೆ, ಡಾಕ್ಟರನ್ನು ನಾವು ಆರಿಸಿರುವುದು ಒಂದೇ ಬಾರಿ, ಆದ್ದರಿಂದ ಅವರು ನಿಲ್ಲಬಹುದು ಎಂದೆ. ಈ ನಿಯಮ ಅರ್ಧ ಬರೆದದ್ದು, ಮುಂದಿನ ಸಭೆಯಲ್ಲಿ ಇದನ್ನು ಪೂರ್ತಿ ಮಾಡುವುದು ಒಳ್ಳೆಯದು ಎಂದೂ ಸೇರಿಸಿದೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಡಾಕ್ಟರು ಚಪ್ಪಾಳೆಗೆ ತಲೆಬಾಗಿ ನನ್ನತ್ತ ಎರಡೂ ಕೈ ಜೋಡಿಸಿದರು. ಅವರ ಮುಖದಲ್ಲಿ ಆಗ ಇದ್ದದ್ದು, ಅಮೆರಿಕದಲ್ಲಿ ಚುನಾವಣೆಯ ರಾತ್ರಿಗಳಲ್ಲಿ ಕೆಲವರು ಎಣಿಕೆ ಮುಗಿಯುವ ಮೊದಲೇ ತೋರಿಸುವ ಮುಖ.

ಅವರು ನಿಲ್ಲಬಹುದೇ ಎಂದು ನಾವು ವಾರಗಟ್ಟಲೆ ಕಾದಾಡಿದ್ದೆವು. ನಿಂತರೆ ಜನ ಆರಿಸುತ್ತಾರೆಯೇ ಎಂಬ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

ನಮ್ಮಲ್ಲಿ ಮತದಾನವೆಂದರೆ ಕೈ ಎತ್ತುವುದು. ಡಾಕ್ಟರ ಪರವಾಗಿ ಎತ್ತಿ ಎಂದಾಗ ಕೈಗಳು ಎದ್ದವು, ಕಾರ್ಯದರ್ಶಿ ಎಣಿಸಿದರು. ನನ್ನ ಕೈ ಮಡಿಲಲ್ಲೇ ಇತ್ತು. ತರುಣಿಯ ಪರವಾಗಿ ಎಂದಾಗ ಅದು ಮೇಲೆ ಹೋಯಿತು. ಓದಿ ಹೇಳುವಾಗ ನಾನು ಅಕ್ಷರಕ್ಕೆ ಬದ್ಧಳು. ಸದಸ್ಯೆಯಾಗಿ ಕೈ ಎತ್ತುವಾಗ ಆಶಯವನ್ನು ನೋಡಬಾರದೆಂದು ಯಾವ ನಿಯಮವೂ ಇರಲಿಲ್ಲ. ಪ್ರತಿ ಶನಿವಾರ ಆ ಹುಡುಗಿ ಹತ್ತಾರು ಮಕ್ಕಳಿಂದ ಒತ್ತಕ್ಷರ ಬರೆಸುವುದನ್ನು ಕಂಡಿದ್ದೆ, ಅವಳಿಗೊಂದು ಸರದಿ ಸಲ್ಲಬೇಕಿತ್ತು. ಡಾಕ್ಟರು ನನ್ನ ಕೈಯನ್ನು ನೋಡಿದರು. ಆಮೇಲೆ ಅವರ ದೃಷ್ಟಿ ನನ್ನ ಪಕ್ಕಕ್ಕೆ ಸರಿದು ಅಲ್ಲೇ ನಿಂತಿತು. ಅಲ್ಲಿ ಅವರ ಶ್ರೀಮತಿಯವರ ಕೈ, ಹಸಿರು ಬಳೆಗಳ ಸಮೇತ, ನನ್ನದಕ್ಕಿಂತ ಎತ್ತರಕ್ಕೆ ಎದ್ದಿತ್ತು.

ಮೂರು ಕೈಗಳ ಅಂತರದಲ್ಲಿ ಅವರು ಸೋತರು.

ಅಧಿಕಾರದ ಶಾಂತಿಯುತ ಹಸ್ತಾಂತರದ ಬಗ್ಗೆ ಗಾರ್ಡನ್ ಸೆಂಟರಿನಲ್ಲಿ ಡಾಕ್ಟರು ಮಾಡಿರುವ ಭಾಷಣಗಳಿಗೆ ಲೆಕ್ಕವಿಲ್ಲ. ಈಗ ಅವರು ಭಾಷಣ ಮಾಡಲಿಲ್ಲ. ಎದ್ದು, ಜೇಬಿನಿಂದ ಅಡುಗೆಮನೆಯ ಕಪಾಟಿನ ಬೀಗದ ಕೈ ತೆಗೆದು ತರುಣಿಯ ಅಂಗೈಯಲ್ಲಿಟ್ಟರು. “ಎಡಗಡೆ ಹಿಂದಿನ ಬರ್ನರ್ ಹತ್ತಂಗಿಲ್ಲ, ನೆನಪಿಟ್ಕೋಬೇ. ದೊಡ್ಡ ಪಾತೇಲಿ ಅದರ ಮ್ಯಾಲ ಇಡಬ್ಯಾಡ.” ದನಿ ಸ್ಥಿರವಾಗಿತ್ತು. ಹುಡುಗಿ ಬಗ್ಗಿ ಅವರ ಕಾಲು ಮುಟ್ಟಿದಳು. ಅವರು “ಇರ್ಲಿ, ಇರ್ಲಿ” ಎಂದು ಹಿಂದೆ ಸರಿದು, ತಮ್ಮ ಕೋಟು ಎಲ್ಲಿದೆಯೆಂದು ಬೇರೆ ಕಡೆ ಹುಡುಕತೊಡಗಿದರು.

ಟ್ರಾಮಿನಲ್ಲಿ ಮೂವರೂ ಒಟ್ಟಿಗೆ ಹೊರಟೆವು. ಡಾಕ್ಟರು ಶ್ರೀಮತಿಯವರ ಮತ್ತು ನನ್ನ ಎದುರು ಕೂತು ಕಿಟಕಿಯಾಚೆ ನೋಡುತ್ತಿದ್ದರು. ಈ ಸ್ನೇಹ ಇಲ್ಲಿಗೆ ಮುಗಿಯಿತೆಂದೇ ನಾನು ತಿಳಿದೆ. ಎರಡು ನಿಲ್ದಾಣ ದಾಟಿದ ಮೇಲೆ ಅವರು ಬಾಯಿಬಿಟ್ಟರು.

“ಅಕ್ಕಾರ, ಬಾಯಿ ನನ್ನ ಕಡೆ, ಕೈ ಆಕಿ ಕಡೆ. ಭಾರಿ ನ್ಯಾಯಾಧೀಶರು ನೀವು.”

“ಕಾನೂನು ನಿಮ್ಮ ಕಡೆ ಇತ್ತು ಡಾಕ್ಟ್ರೇ. ಓಟು ನನ್ನದು.”

“ನಿಮ್ಮದು ಹೋಗ್ಲಿ. ಮನೀಯಾಕಿದು?” ಅವರು ಹೆಂಡತಿಯ ಕಡೆ ತಿರುಗಿದರು. “ನೀ ಹೇಳು. ನಿಮ್ಮಿಬ್ಬರ ಕೈ ಈ ಕಡೆ ಬಂದಿದ್ರ ನಾ ಗೆದ್ದಿರ್ತಿದ್ದೆ.”

“ಅದಕ್ಕ ಎತ್ತಿದ್ದು,” ಎಂದರು ಶ್ರೀಮತಿಯವರು. “ನಮ್ಮ ಊಟದ ಟೇಬಲ್ ಮ್ಯಾಲ ನಿಮ್ಮ ಸ್ಪೀಕರ್ ಪೆಟ್ಟಿಗಿ, ಕೆಳಗ ಬ್ಯಾನರು, ಕುರ್ಚಿ ಮ್ಯಾಲ ಸ್ಟೀಲ್ ತಾಟು. ನಾವಿಬ್ಬರು ಎದುರಾಬದುರಾ ಕೂತು ಉಂಡು ಎಷ್ಟು ದಿನ ಆತು? ಇನ್ನೂ ಮೂರು ವರ್ಷ ನಿಂತು ಉಣ್ಣಾಕ ನನ್ನ ಕಡಿಂದ ಆಗಂಗಿಲ್ಲ.”

ಡಾಕ್ಟರು ಹೆಂಡತಿಯ ಮುಖವನ್ನು ನೋಡಿದರು. ಬಹಳ ದಿನಗಳ ಮೇಲೆ ಎದುರಾಬದುರಾ ಕೂತು ನೋಡಿದ್ದು ಅದೇ ಮೊದಲಿರಬೇಕು, ಅದೂ ಟ್ರಾಮಿನಲ್ಲಿ. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ ಅಂದರು: “ಸೋತ ಮನಷ್ಯಾಗ ಅಮೆರಿಕಾದಾಗ ಏನೂ ಇಲ್ಲ ನೋಡ್ರಿ. ಸೀದಾ ಮನಿಗೆ.”

“ಇದು ಬೀಸ್ಟನ್ ಅಂತ ನೀವೇ ಹೇಳಿದ್ರಲ್ಲ,” ಎಂದೆ.

ಅವರು ತಟ್ಟನೆ ನನ್ನತ್ತ ನೋಡಿದರು. ಅವರ ಬೆನ್ನು ನಿಧಾನವಾಗಿ ನೆಟ್ಟಗಾಯಿತು.

“ಹೌದಲ್ರೀ! ಈ ದೇಶದಾಗ ಸೋತವಗೂ ಕುರ್ಚಿ ಐತಿ. ವಿರೋಧ ಪಕ್ಷದ ನಾಯಕ! ಕಾಯ್ದೆ ಪ್ರಕಾರ ಸಂಬಳ ಬೇರೆ.” ಕೈಬೆರಳು ಮೇಲೆದ್ದಿತು. “ಆ ಹುಡುಗಿ ಅಡುಗಿಯವರನ್ನ ಬ್ಯಾಡಂದು, ಎಲ್ಲಾರೂ ಮನೀಂದ ಒಂದೊಂದು ಡಿಶ್ ತರ್ರಿ ಅನ್ನಾಕಿದ್ದಾಳಂತ. ಇದು ಎಂಥಾ ಆರ್ಥಿಕ ನೀತಿರೀ? ಎಲ್ಲಾರೂ ಚಿತ್ರಾನ್ನ ತಂದ್ರ ಏನ್ ಗತಿ? ಕೇಳೋರು ಯಾರರ ಬೇಕಲ್ಲ? ಆ ಸಂಬಳದ ಕಾಯ್ದೆ ಯಾವಾಗಿಂದ ಅಕ್ಕಾರ, ೧೯೩೮?”

“ಸಂಬಳಾನೂ ಬ್ಯಾಡ, ಸ್ಪೀಕರ್ ಪೆಟ್ಟಿಗೀನೂ ಬ್ಯಾಡ,” ಎಂದರು ಶ್ರೀಮತಿಯವರು. “ಬರೇ ಬಾಯಿ ಇದ್ರ ಸಾಕು ಆ ಕೆಲಸಕ್ಕ. ಅದನ್ನ ಟೇಬಲ್ ಮ್ಯಾಲ ಇಡೋದು ಬೇಕಾಗಂಗಿಲ್ಲ.”

“೧೯೩೭,” ಎಂದೆ ನಾನು. “ಆದರೂ ಮನೆಗೆ ಹೋಗಿ ಒಮ್ಮೆ ನೋಡಿ ಹೇಳ್ತೀನಿ.”

“ನೋಡ್ರಿ, ನೋಡ್ರಿ,” ಎಂದರು ಡಾಕ್ಟರು, ಇಳಿಯಲು ಏಳುತ್ತ. “ಬುಧವಾರ ಹೇಳೂವಂತ್ರಿ.”