ರಾಣಿಗಾಗಿ ಬಿಟ್ಟ ರಾತ್ರಿಯೂಟ

ಧಾರಾವಾಹಿ ನಿಲ್ಲುತ್ತದಂತೆ ಎಂಬ ಸುದ್ದಿ ಬಂದ ದಿನ ಗೋಪಾಳದ ನಮ್ಮ ರಸ್ತೆಯ ಹೆಂಗಸರೆಲ್ಲ ಸೂತಕದ ಮುಖ ಮಾಡಿಕೊಂಡಿದ್ದರೆ, ನಾನೊಬ್ಬಳು ದೇವರ ಕೋಣೆಗೆ ಹೋಗಿ ಎರಡು ತುಪ್ಪದ ದೀಪ ಹಚ್ಚಿದೆ. ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ! ಆ ಧಾರಾವಾಹಿ ಎಂಟು ತಿಂಗಳಿಂದ ನಮ್ಮ ಅತ್ತೆಯ ರಾತ್ರಿಯೂಟವನ್ನು ಕಿತ್ತುಕೊಂಡು ಕೂತಿತ್ತು.

ಅದು ರಾಜರ ಕಾಲದ ಕಥೆ. ಕುದುರೆ ಏರಿ ಕತ್ತಿ ಬೀಸುವ ರಾಣಿ, ಮೀಸೆ ತಿರುವುವ ದಳವಾಯಿ, ಸಂಜೆ ಏಳೂವರೆಗೆ ತಪ್ಪದೆ ಊದುವ ಕಹಳೆ. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಮೊದಮೊದಲು ನನಗೂ ಅದು ಹಬ್ಬವೇ ಆಗಿತ್ತು. ಬಂದವರೆಲ್ಲ ರಾಣಿಯ ಹಾಗೆ ಮೊಣಕೈಯವರೆಗೆ ತೋಳು, ತೋಳಿನ ಅಂಚಿಗೆ ಜರಿ ಬೇಕೆನ್ನುತ್ತಿದ್ದರು. ಒಂದು ಸಂಜೆ ದಳವಾಯಿ ಮೋಸದಿಂದ ರಾಣಿಯನ್ನು ಕೋಟೆಯ ಕತ್ತಲೆ ಕೋಣೆಗೆ ತಳ್ಳಿ, ಇವಳಿಗೆ ಒಂದು ಅಗುಳು ಅನ್ನ ಕೊಡಕೂಡದು ಎಂದು ಅಬ್ಬರಿಸಿದ. ಅತ್ತೆ ಉಣ್ಣುತ್ತಿದ್ದ ತಟ್ಟೆ ಸರಿಸಿ ಎದ್ದರು. ಕೈತೊಳೆದು, ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದಿಟ್ಟರು.

"ಆ ತಾಯಿ ಹೊರಗೆ ಬಂದು ಅನ್ನ ಉಣ್ಣೋವರೆಗೂ ನಂಗೂ ರಾತ್ರಿ ಊಟ ಬ್ಯಾಡ ಸ್ವಾಮಿ."

ನಮಗೆ ನಗು ಬಂತು. ಹರಕೆ ಕಟ್ಟುವುದೆಂದರೆ ಅತ್ತೆಗೆ ಎಲೆಯಡಿಕೆ ಹಾಕಿಕೊಂಡಷ್ಟೇ ಸಲೀಸು. ಬೀರುವಿನ ಕೀಲಿ ಕಳೆದರೂ ಹರಕೆ, ಮೊಮ್ಮಗನ ಪರೀಕ್ಷೆಗೂ ಹರಕೆ, ಗ್ಯಾಸ್ ಸಿಲಿಂಡರ್ ಬರುವುದು ತಡವಾದರೂ ಹರಕೆ. ಅವರ ದೇವರೂ ಅಂಥವನೇ, ಎರಡು ದಿನದೊಳಗೆ ನಡೆಸಿಕೊಡುತ್ತಿದ್ದ. ನಮ್ಮ ಯಜಮಾನರು ಅಮ್ಮನಿಗೆ, "ಊರಿಗೆ ಬಂದವಳು ನೀರಿಗೆ ಬರ್ದೆ ಇರ್ತಾಳಾ? ಸೋಮವಾರಕ್ಕೆ ಹೊರಗೆ ಬರ್ತಾಳೆ ಬಿಡಮ್ಮ" ಎಂದರು.

ಎಂಥ ಸೋಮವಾರ! ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು, ಗೌರಿ ಹಬ್ಬ ಹತ್ತಿರ ಬಂತು. ರಾಣಿ ಅಲ್ಲೇ ಇದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡನು ಎಂಬಂತೆ, ಆ ಕಥೆ ಬರೆಯುವ ಮಹಾನುಭಾವ ಅವಳನ್ನು ಬಿಡಲೇ ಇಲ್ಲ. ಅನ್ನ ಕಾಣದ ಆ ಹೆಂಗಸಿನ ತುಟಿಗೆ ಬಣ್ಣ, ತಲೆತುಂಬ ಹೂವು ಬೇರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ಇತ್ತ ಅತ್ತೆಗೆ ಸಕ್ಕರೆ ಕಾಯಿಲೆ. ಸಂಜೆ ಮಾತ್ರೆ ನುಂಗಿ, ಒಂದು ಲೋಟ ಹಾಲು ಕುಡಿದು ಮಲಗುವರು. ಒಂದು ಬೆಳಗ್ಗೆ ರಂಗೋಲಿ ಹಾಕುತ್ತಿದ್ದವರು ಹಾಗೇ ಹೊಸ್ತಿಲಿಗೆ ಒರಗಿ ಬೆವೆತುಹೋದರು. ಓಡಿಬಂದು ಬಾಯಿಗೆ ಸಕ್ಕರೆ ತುಂಬಿ, ಆಟೋ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಬೈದದ್ದು ನನಗೆ. "ಮಾತ್ರೆ ಕೊಟ್ಟು ಊಟ ಕೊಡದೆ ಇದ್ರೆ ಹೇಗಮ್ಮ? ಇನ್ನೊಂದ್ಸಲ ಹೀಗಾದ್ರೆ ಉಳಿಸಿಕೊಳ್ಳೋದು ಕಷ್ಟ." ಮಾತ್ರೆ ಕಡಿಮೆ ಮಾಡಿದರೆ ಸಕ್ಕರೆ ಅಟ್ಟ ಹತ್ತುವುದು, ಕೊಟ್ಟರೆ ಪಾತಾಳಕ್ಕೆ ಇಳಿಯುವುದು.

"ಅದು ನಾಟಕ ಅತ್ತೆ! ಆ ಹುಡುಗಿ ಶೂಟಿಂಗ್ ಮುಗಿಸಿ ಬಿರಿಯಾನಿ ತಿಂತಿರ್ತಾಳೆ" ಎಂದೆ, ಮನೆಗೆ ಬಂದ ಮೇಲೆ.

"ನಂಗೊತ್ತಿಲ್ವೇನೆ ಮಾರಾಯ್ತಿ, ನಾನೇನು ಹುಚ್ಚಿನಾ?" ಎಂದರು ಅತ್ತೆ. "ಅವಳದ್ದು ನಾಟಕ. ನಾನು ಮಾತು ಕೊಟ್ಟಿದ್ದು ನಿಜವಾದ ದೇವರ ಮುಂದಲ್ವಾ?"

ಇದಕ್ಕೆ ಏನು ಹೇಳುತ್ತೀರಿ? ಅದಕ್ಕೇ ಧಾರಾವಾಹಿ ನಿಲ್ಲುವ ಸುದ್ದಿ ನನಗೆ ಅಮೃತವಾಯಿತು. ಮುಗಿಯುವ ಕಥೆ ರಾಣಿಯನ್ನು ಬಿಡಿಸದೆ ಮುಗಿಯುತ್ತದೆಯೇ?

ಉಳಿದವರಿಗೆ ಅವರವರದೇ ಚಿಂತೆ. ಜರಿತೋಳಿನ ರವಿಕೆಗೆ ಅಳತೆ ಕೊಟ್ಟು ಹೋಗಿದ್ದ ಒಬ್ಬಾಕೆ ಓಡಿಬಂದು, "ಕತ್ತರಿಸಿಬಿಟ್ರಾ? ಇನ್ನು ಆ ತೋಳು ಯಾರು ಹಾಕ್ತಾರೆ!" ಎಂದಳು. ಪಕ್ಕದ ಮನೆಯ ನಿವೃತ್ತ ಇತಿಹಾಸದ ಮೇಷ್ಟ್ರು ಕಾಂಪೌಂಡಿನ ಮೇಲಿಂದಲೇ, "ಪೀಡೆ ತೊಲಗ್ತು! ಕೋಟೆ ಬಾಗಿಲಿಗೆ ಸ್ಟೀಲ್ ಚಿಲಕ ಇತ್ತಮ್ಮ, ಸ್ಟೀಲ್ ಚಿಲಕ!" ಎಂದು ಸಮಾಧಾನದ ಉಸಿರು ಬಿಟ್ಟರು. ಆದರೂ ಒಂದು ದಿನವೂ ಅವರು ನೋಡುವುದು ತಪ್ಪಿಸಿರಲಿಲ್ಲ. ಭದ್ರಾವತಿಯಲ್ಲಿರುವ ನನ್ನ ನಾದಿನಿಯಂತೂ ಫೋನಿನಲ್ಲಿ ಕೆಂಡಾಮಂಡಲ. ಅವರ ಕ್ವಾರ್ಟರ್ಸಿನ ಹೆಂಗಸರೆಲ್ಲ ಸೇರಿ ಚಾನೆಲ್ಲಿಗೆ ಕಾಗದ ಬರೆಯುತ್ತಾರಂತೆ.

"ಬರೀಬೇಡ್ರೇ ಮಾರಾಯ್ತಿ, ನಿನ್ನ ಅಮ್ಮ ಊಟ ಮಾಡ್ಲಿ" ಎಂದೆ. ಅದಕ್ಕೆ ಅವಳ ಸಿಟ್ಟು ಇಳಿಯಿತು. ಕೊನೆಯ ಕಂತಿಗೆ ಅಮ್ಮನನ್ನು ಕರೆದುಕೊಂಡು ಬನ್ನಿ, ಇಲ್ಲೇ ನನ್ನ ಕೈಯಾರೆ ಬಡಿಸುತ್ತೇನೆ ಎಂದಳು.

ಹೋದೆವು. ಮಾಚೇನಹಳ್ಳಿ ದಾಟಿ ಭದ್ರಾವತಿ ಬರುವವರೆಗೂ ಅತ್ತೆ ಬಸ್ಸಿನ ಕಿಟಕಿಯಲ್ಲಿ ನೋಡುತ್ತಾ ಮದುವೆಗೆ ಹೊರಟವರ ಹಾಗೆ ಗೆಲುವಾಗಿದ್ದರು. ನಾದಿನಿಯ ಹಜಾರದಲ್ಲಿ ಕಾಲಿಡಲು ಜಾಗವಿಲ್ಲ, ನೆರೆಹೊರೆಯವರೆಲ್ಲ ಸೇರಿದ್ದರು. ಅಡುಗೆಮನೆಯಲ್ಲಿ ಬಿಸಿ ಅನ್ನ, ಹೆಸರುಕಾಳಿನ ಸಾರು, ಬದನೆಕಾಯಿ ಎಣ್ಣೆಗಾಯಿ. ನಾದಿನಿ ತಟ್ಟೆ ತೊಳೆದು ಅತ್ತೆಯ ಪಕ್ಕದಲ್ಲೇ ಇಟ್ಟಿದ್ದಳು.

ಕಹಳೆ ಊದಿತು. ಕುದುರೆಗಳು ಓಡಿದವು. ಆಮೇಲೆ ಇದ್ದಕ್ಕಿದ್ದಂತೆ "ಹದಿನೈದು ವರ್ಷಗಳ ನಂತರ" ಎಂದು ಬಂತು. ರಾಣಿಯ ಮಗ ಬೆಳೆದು ಸಿಂಹಾಸನದಲ್ಲಿ ಕೂತಿದ್ದ. ಯಾರೋ ಗಡಸು ದನಿಯಲ್ಲಿ ನಾಡಿನ ಕೀರ್ತಿಯ ಬಗ್ಗೆ ನಾಲ್ಕು ಮಾತು ಆಡಿದರು. ಎಲ್ಲರಿಗೂ ಕೈಮುಗಿದು ಮುಗಿಸಿಯೇಬಿಟ್ಟರು. ರಾಣಿ ಏನಾದಳು? ಬದುಕಿದಳೋ ಸತ್ತಳೋ, ಒಂದು ಮಾತಿಲ್ಲ!

"ಅಯ್ಯೋ ಕಡವುಳೇ" ಎಂದು ದೇವರನ್ನು ಕರೆಯುತ್ತಾ ನಾದಿನಿಯ ಪಕ್ಕದ ಮನೆಯ ತಮಿಳಿನ ಅಮ್ಮ ಕಣ್ಣೊರೆಸಿಕೊಂಡರು. ನಾದಿನಿಯ ಗಂಡ, "ಶನಿ ಬಿಡ್ತು, ಇನ್ಮೇಲಾದ್ರೂ ಹೊತ್ತಿಗೆ ಸರಿಯಾಗಿ ಸಾರು ಸಿಗುತ್ತೆ" ಎಂದರು. ಅತ್ತೆ ತಟ್ಟೆಯನ್ನು ಮೆಲ್ಲಗೆ ಬೋರಲು ಹಾಕಿದರು. ಹರಕೆ ಇನ್ನು ತೀರುವ ದಾರಿಯೇ ಇಲ್ಲವೆಂದು ಆಗ ನನಗೆ ಹೊಳೆಯಿತು.

ಮೂರನೆಯ ದಿನ ಅತ್ತೆಯನ್ನು ಹೊಳಲೂರಿಗೆ ಕರೆದೊಯ್ದೆ, ನಮ್ಮ ಮನೆತನದ ಅಯ್ಯನವರ ಹತ್ತಿರ. ಮದುವೆ, ನಾಮಕರಣ, ಎಲ್ಲದಕ್ಕೂ ನಮಗೆ ಅವರ ಮಾತೇ ಕೊನೆ. ಹಣ್ಣು ಮುದುಕರು. ನಾನು ಎಲ್ಲವನ್ನೂ ಹೇಳಿದ ಮೇಲೆ ವಿಭೂತಿಯ ಹಣೆ ಸವರಿಕೊಂಡು, "ನಾನೂ ನೋಡ್ತಿದ್ದೆ. ಆ ದಳವಾಯಿಗೆ ಏನೂ ಆಗ್ಲೇ ಇಲ್ವಲ್ಲಮ್ಮ" ಎಂದರು. ತಲೆ ಚಚ್ಚಿಕೊಳ್ಳುವಂತಾಯಿತು ನನಗೆ. ಆಮೇಲೆ ಅತ್ತೆಯ ಕಡೆ ತಿರುಗಿ, "ತಪ್ಪುಕಾಣಿಕೆ ಹಾಕಿ ಬಿಟ್ಟುಬಿಡವ್ವ, ದೇವರು ಒಪ್ತಾನೆ" ಎಂದರು.

"ತಪ್ಪೇ ಮಾಡ್ದೆ ತಪ್ಪುಕಾಣಿಕೆ ಹೆಂಗೆ ಹಾಕ್ಲಿ ಬುದ್ಧಿ?" ಎಂದರು ಅತ್ತೆ. "ಮಾತು ಕೊಟ್ಟಾಗಿದೆ. ಸಾಯೋವರೆಗೂ ಒಪ್ಪತ್ತು ಉಂಡ್ರಾಯ್ತು. ಎಷ್ಟು ದಿನ ಇರ್ತೀನಿ ನಾನು?"

ಆ ಕೊನೆಯ ಮಾತು ಕೇಳಿ ನನ್ನ ತಾಳ್ಮೆ ಹರಿದುಹೋಯಿತು. ದೊಡ್ಡವರ ಮುಂದೆ ದನಿ ಏರಿಸಬಾರದೆಂದು ಗೊತ್ತು. ಏರಿಸಿದೆ.

"ಎಲ್ಲೋ ಟೀವಿಯಲ್ಲಿ ಕೂತವಳ ಹಸಿವು ನಿಮಗೆ ಕಾಣುತ್ತೆ, ನನ್ನ ಹಸಿವು ಕಾಣಲ್ವಾ ಅತ್ತೆ? ನೀವು ಹಸಿದು ಮಲಗಿದ್ರೆ ನಾನು ಹೆಂಗೆ ಉಣ್ಲಿ? ಎಂಟು ತಿಂಗಳಿಂದ ರಾತ್ರಿ ನನ್ನ ತಟ್ಟೆಗೂ ಅನ್ನ ಬಿದ್ದಿಲ್ಲ!"

ಹೇಳಬಾರದೆಂದೇ ಇದ್ದೆ. ಯಜಮಾನರಿಗೂ ಹೇಳಿರಲಿಲ್ಲ. ಮನೆಯ ಹಿರಿಯಳು ಉಣ್ಣದಿದ್ದಾಗ ಸೊಸೆ ಉಣ್ಣಬಾರದೆಂದು ತವರಲ್ಲಿ ಕಲಿಸಿದ್ದರು. ಆ ಕಲಿಕೆಗಿಂತ ಹೆಚ್ಚಾಗಿ, ಬಾಗಿಲ ಆಚೆ ಅವರು ಮಗ್ಗುಲು ಬದಲಿಸುವ ಸದ್ದು ಕೇಳಿದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ನೀರು ಕುಡಿದು ಬರುತ್ತಿದ್ದೆ. ನನ್ನ ಮೈ ನೋಡಿದರೆ ಯಾರೂ ನಂಬುವುದಿಲ್ಲ, ಅದು ಬೇರೆ ಮಾತು.

ಅತ್ತೆ ನನ್ನನ್ನೇ ನೋಡಿದರು. "ನೀನು ಉಂತಿರ್ಲಿಲ್ವಾ? ಒಳಗೆ ಕೂತು ಉಂತೀಯ ಅಂದ್ಕೊಂಡಿದ್ನಲ್ಲೇ."

"ಇಲ್ಲ."

"ಒಂದು ದಿನಾನೂ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಗೋಡೆ ಹಿಡಿದು ಎದ್ದರು. ಅಯ್ಯನವರನ್ನು ಏನೂ ಕೇಳಲಿಲ್ಲ, ನೆಟ್ಟಗೆ ಒಳಗೆ ಹೋಗಿ ಅಯ್ಯನವರ ಹೆಂಡತಿಗೆ, "ಅಮ್ಮಾ, ನಮ್ಮ ಮನೆ ಹುಡುಗಿ ಹಸಿದಿದ್ದಾಳೆ, ಏನಿದ್ರೂ ಹಾಕಿ" ಎಂದರು. ಆ ಹುಡುಗಿಗೆ ಐವತ್ತೆರಡು ವರ್ಷ. ಹೊರಗೆ ದೀಪ ಹಚ್ಚುವ ಹೊತ್ತಿಗೆ ಅನ್ನದ ತಟ್ಟೆ ಬಂತು, ಅತ್ತೆಯೇ ಕೈ ಹಾಕಿ ಕಲಸಿದರು.

"ನಿಮ್ಮ ಹರಕೆ?" ಎಂದು ಕೇಳಿದೆ.

"ದೇವರಿಗೆ ನಾನು ಉತ್ತರ ಹೇಳ್ತೀನಿ. ತಪ್ಪುಕಾಣಿಕೆನೂ ಹಾಕ್ತೀನಿ, ಈಗ ಹಾಕೋವಂಥ ತಪ್ಪು ಸಿಕ್ತು. ಬಾಯಿ ತೆಗಿ."

ಮೊದಲ ತುತ್ತನ್ನು ನನ್ನ ಬಾಯಿಗಿಟ್ಟರು. ಎರಡನೆಯದನ್ನು ತಾವು ಉಂಡರು. ನಾನು ಅಳುತ್ತಾ ಅಗಿದೆ, ಅವರು ಬೈಯುತ್ತಾ ಅಗಿದರು. "ಬಾಯಿಗೆ ಬೀಗ ಹಾಕ್ಕೊಂಡಿದ್ಯಾ ಪಾಪಿ, ಮೊದಲೇ ಹೇಳೋಕೆ ಏನಾಗಿತ್ತು?" ಎಂದು ಕೇಳುತ್ತಲೇ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿಸಿದರು.